ಸಮಿತಿಯ ಕೋಣೆ ಸೇರಿದ ಮಸೂದೆ

ವಿಧಾನಮಂಡಲದ ಅಧಿವೇಶನ ನಡೆಯುವ ದಿನಗಳಲ್ಲಿ ಪತ್ರಿಕೆಯ ಒಳಪುಟದಲ್ಲಿ ಆಗೊಮ್ಮೆ ಈಗೊಮ್ಮೆ ಎರಡು ಸಾಲಿನ ಸುದ್ದಿಯೊಂದು ಕಾಣಿಸಿಕೊಳ್ಳುತ್ತದೆ. ಇಂಥ ಮಸೂದೆಯನ್ನು ಸದನದಲ್ಲಿ ಮಂಡಿಸಲಾಯಿತು. ಚರ್ಚೆಯ ಬಳಿಕ ಅದನ್ನು ಸಮಿತಿಯ ಪರಿಶೀಲನೆಗೆ ಒಪ್ಪಿಸಲಾಯಿತು ಎಂದು. ಸಭಾತ್ಯಾಗ, ಧರಣಿ, ಮಾತಿನ ಚಕಮಕಿಗಳ ವರದಿಯನ್ನು ಓದುವಷ್ಟು ಆಸಕ್ತಿಯಿಂದ ಈ ಎರಡು ಸಾಲನ್ನು ಓದುವವರು ವಿರಳ. ಓದಿದವರೂ ಎರಡು ಬಗೆಯ ತೀರ್ಮಾನಕ್ಕೆ ಬರುತ್ತಾರೆ. ಮಸೂದೆಯನ್ನು ಬಯಸಿದವರು ಅದು ಶೈತ್ಯಾಗಾರ ಸೇರಿತೆಂದು ನಿಟ್ಟುಸಿರು ಬಿಡುತ್ತಾರೆ. ಬಯಸದವರು ಗೆದ್ದೆವೆಂದು ಸಮಾಧಾನಪಡುತ್ತಾರೆ. ಇಬ್ಬರೂ ಅಲ್ಲಿಗೆ ಆ ವಿಷಯವನ್ನು ಮರೆಯುತ್ತಾರೆ. ವಾಸ್ತವವಾಗಿ ಕಾನೂನಿನ ಪ್ರತಿಯೊಂದು ಪದವೂ ಇನ್ನೂ ಹಸಿಯಾಗಿದ್ದು, ಸಾಮಾನ್ಯ ಪ್ರಜೆಯ ಮಾತಿಗೂ ಒಂದಿಷ್ಟು ಎಡೆಯಿರುವ ಕಾಲವೆಂದರೆ ಇದೇ.

ಈ ವಿಷಯವನ್ನು ನಮ್ಮ ಕುಟುಂಬಗಳ ಮುಂದಿಡಲು ಕಾರಣವಿದೆ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತಕ್ಕೆ ಸಿಕ್ಕಿ 11 ಮಂದಿ ಪ್ರಾಣ ಕಳೆದುಕೊಂಡರು. ಅದರ ಬೆನ್ನಿಗೆ ರಾಜ್ಯ ಸರ್ಕಾರವು ಜನಸಂದಣಿ ನಿಯಂತ್ರಣ ಮಸೂದೆಯನ್ನು ಸಿದ್ಧಪಡಿಸಿ, ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ ವಿಧಾನಸಭೆಯ ಮುಂದಿಟ್ಟಿತು. ದೊಡ್ಡ ಸಂಖ್ಯೆಯಲ್ಲಿ ಜನ ಸೇರುವ ಕಾರ್ಯಕ್ರಮಕ್ಕೆ ಆಯೋಜಕರು ಮುಂಚಿತವಾಗಿ ಅನುಮತಿ ಪಡೆಯಬೇಕು, ತಪ್ಪಿದಲ್ಲಿ ಶಿಕ್ಷೆಗೆ ಗುರಿಯಾಗಬೇಕು ಎಂಬುದು ಅದರ ತಿರುಳು. ಜಾತ್ರೆ, ಉತ್ಸವಗಳ ಗತಿಯೇನೆಂಬ ಆತಂಕ ಸದನದಲ್ಲಿ ವ್ಯಕ್ತವಾಯಿತು. ಮಸೂದೆಯನ್ನು ಸದನ ಸಮಿತಿಗೆ ಒಪ್ಪಿಸಲಾಯಿತು. ವಾರ್ಷಿಕ ಹಬ್ಬದ ದಿನ ಚರ್ಚಿನ ಅಂಗಳದಲ್ಲಿ ಕಾಲಿಡಲು ಸ್ಥಳವಿಲ್ಲದಂತಾಗುವ ಧರ್ಮಕೇಂದ್ರಗಳು ನಮ್ಮಲ್ಲಿ ಹಲವಿವೆ. ಅತ್ತೂರಿನ ಸಂತ ಲಾರೆನ್ಸರ ಹಬ್ಬಕ್ಕೆ ಹೋಗಿಬಂದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹೀಗಿರುವಾಗ ಅಂಥ ಮಸೂದೆ ನಮಗೆ ದೂರದ ಸಂಗತಿಯಲ್ಲ.

ಮಸೂದೆಯ ಪ್ರಯಾಣ ಹೇಗೆ ಸಾಗುತ್ತದೆಂಬುದನ್ನು ಸಂಕ್ಷೇಪವಾಗಿ ಹೇಳಬಹುದು. ಸಚಿವರು ಮಸೂದೆಯನ್ನು ಮಂಡಿಸುತ್ತಾರೆ. ಆ ಬಳಿಕ ಸದನವು ಅದನ್ನು ನೇರವಾಗಿ ಪರ್ಯಾಲೋಚನೆಗೆ ಎತ್ತಿಕೊಳ್ಳಬಹುದು, ತನ್ನ ಸದಸ್ಯರ ಆಯ್ಕೆ ಸಮಿತಿಗೆ ಒಪ್ಪಿಸಬಹುದು, ವಿಧಾನ ಪರಿಷತ್ತಿನ ಸದಸ್ಯರನ್ನೂ ಸೇರಿಸಿಕೊಂಡು ಜಂಟಿ ಸಮಿತಿಗೆ ಕಳುಹಿಸಬಹುದು, ಇಲ್ಲವೇ ಸಾರ್ವಜನಿಕ ಅಭಿಪ್ರಾಯಕ್ಕಾಗಿ ಪ್ರಚುರಪಡಿಸಬಹುದು. ಸಮಿತಿಯಲ್ಲಿ ಆಡಳಿತ ಪಕ್ಷದವರೂ ವಿರೋಧ ಪಕ್ಷದವರೂ ಒಂದೇ ಮೇಜಿನ ಸುತ್ತ ಕುಳಿತುಕೊಳ್ಳುತ್ತಾರೆ. ಅಧಿಕಾರಿಗಳನ್ನು ಕರೆಸಿ ಕೇಳುತ್ತಾರೆ. ಒಂದೊಂದು ಖಂಡವನ್ನೂ ಬಿಡಿಸಿ ಓದುತ್ತಾರೆ. ಒಪ್ಪದವರು ತಮ್ಮ ಭಿನ್ನಾಭಿಪ್ರಾಯವನ್ನು ಲಿಖಿತವಾಗಿ ವರದಿಗೆ ಲಗತ್ತಿಸುತ್ತಾರೆ. ಪತ್ರಕರ್ತರ ಕ್ಯಾಮರಾ ಅಲ್ಲಿರುವುದಿಲ್ಲವಾದ್ದರಿಂದ ಮಾತಿನ ಧಾಟಿಯೂ ಬೇರೆಯಾಗಿರುತ್ತದೆ. ಸದನದಲ್ಲಿ ಕೂಗಾಡಿದವರೇ ಸಮಿತಿಯಲ್ಲಿ ಸಹನೆಯಿಂದ ಕೇಳಿಸಿಕೊಳ್ಳುವುದುಂಟು. ಮನುಷ್ಯನ ಸ್ವಭಾವವೇ ಹಾಗೆ. ನೋಡುವವರಿಲ್ಲದ ಕಡೆ ಅವನು ತುಸು ಹೆಚ್ಚು ವಿವೇಕಿ.

ಆದರೆ ಈ ದಾರಿ ತುಳಿಯುವ ಮಸೂದೆಗಳು ಎಷ್ಟು? ಕೇರಳದ ವಿಧಾನಸಭೆ 1980ರಲ್ಲಿಯೇ ವಿಷಯ ಸಮಿತಿಗಳನ್ನು ರಚಿಸಿಕೊಂಡಿತು. ಅಲ್ಲಿ ಮಸೂದೆಗಳು ಸಾಮಾನ್ಯವಾಗಿ ಅವುಗಳ ಮೂಲಕವೇ ಹಾದುಬರುತ್ತವೆ. ನಮ್ಮ ರಾಜ್ಯದಲ್ಲಿ ಸದನವು ಮನಸ್ಸು ಮಾಡಿದರೆ ಮಾತ್ರ ಸಮಿತಿ. ದೆಹಲಿಯ ಚಿತ್ರವೂ ಉತ್ತೇಜನಕಾರಿಯಾಗಿಲ್ಲ. ಹದಿನೈದನೆಯ ಲೋಕಸಭೆಯ ಅವಧಿಯಲ್ಲಿ ನೂರಕ್ಕೆ 71ರಷ್ಟು ಮಸೂದೆಗಳು ಸಮಿತಿಗಳಿಗೆ ಹೋಗಿದ್ದವು. ಹದಿನಾರನೆಯದರಲ್ಲಿ ಅದು ಕಾಲುಭಾಗದ ಆಸುಪಾಸಿಗೆ ಇಳಿಯಿತು. 2024ರಲ್ಲಿ ಮುಗಿದ ಹದಿನೇಳನೆಯದರಲ್ಲಿ ನೂರಕ್ಕೆ 16 ಮಾತ್ರ. ಬೆಳಿಗ್ಗೆ ಮಂಡನೆ, ಸಂಜೆ ಧ್ವನಿಮತ ಎಂಬ ಪದ್ಧತಿ ಯಾವುದೋ ಒಂದು ಪಕ್ಷದ ಸೊತ್ತಲ್ಲ. ಬಹುಮತವಿರುವ ಎಲ್ಲರಿಗೂ ಅದು ಹಿತವಾಗಿಯೇ ಕಾಣುತ್ತದೆ.

ಕರ್ನಾಟಕದಲ್ಲಿ ಇತ್ತೀಚೆಗೆ ಜಂಟಿ ಸಮಿತಿಯ ಭಾಗ್ಯ ಪಡೆದ ಎರಡು ದೊಡ್ಡ ಮಸೂದೆಗಳು ಬೆಂಗಳೂರು ನಗರದ ಆಡಳಿತಕ್ಕೆ ಸೇರಿದವು ಎಂಬುದು ಗಮನಾರ್ಹ. 2020ರ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಮಸೂದೆಯನ್ನು ಶಾಸಕ ಎಸ್. ರಘು ಅವರ ಅಧ್ಯಕ್ಷತೆಯ ಸಮಿತಿ ಪರಿಶೀಲಿಸಿತು. ವಾರ್ಡುಗಳ ಸಂಖ್ಯೆ 198ರಿಂದ 243ಕ್ಕೆ ಏರಬೇಕೆಂಬ ಸಲಹೆ ಅಲ್ಲಿಂದ ಬಂದಿತು. 2024ರ ಜುಲೈಯಲ್ಲಿ ಮಂಡನೆಯಾದ ಗ್ರೇಟರ್ ಬೆಂಗಳೂರು ಆಡಳಿತ ಮಸೂದೆಯನ್ನು ಶಾಸಕ ರಿಜ್ವಾನ್ ಅರ್ಷದ್ ಅವರ ನೇತೃತ್ವದ ಸಮಿತಿಗೆ ಒಪ್ಪಿಸಲಾಯಿತು. ಹತ್ತರವರೆಗೆ ಪಾಲಿಕೆಗಳನ್ನು ರಚಿಸಲು ಅವಕಾಶವಿದ್ದುದನ್ನು ಏಳಕ್ಕೆ ಮಿತಿಗೊಳಿಸಬೇಕೆಂದು ಸಮಿತಿ ಹೇಳಿತು. 2025ರ ಮಾರ್ಚ್‌ನಲ್ಲಿ ಉಭಯ ಸದನಗಳು ಒಪ್ಪಿದವು. ಮೇ 15ರಂದು ಕಾಯಿದೆ ಜಾರಿಗೆ ಬಂದಿತು. ಹೀಗೆ ಸಮಿತಿಯಲ್ಲಿ ಪಕ್ವವಾಗಿ ಬಂದ 2020ರ ಕಾಯಿದೆಯಡಿ ಒಂದೇ ಒಂದು ಪಾಲಿಕೆ ಚುನಾವಣೆಯೂ ನಡೆಯದೆ, ಅದರ ಸ್ಥಾನಕ್ಕೆ ಇನ್ನೊಂದು ಕಾಯಿದೆ ಬಂದುಬಿಟ್ಟಿತು. ಸಮಿತಿಯೆಂಬುದು ಸರ್ವರೋಗ ನಿವಾರಕವಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ನೆರೆಯ ಮಹಾರಾಷ್ಟ್ರದ ಉದಾಹರಣೆಯೊಂದು ಇನ್ನಷ್ಟು ಬೋಧಪ್ರದವಾಗಿದೆ. ಅಲ್ಲಿನ ವಿಶೇಷ ಸಾರ್ವಜನಿಕ ಭದ್ರತಾ ಮಸೂದೆ 2024ರಲ್ಲಿ ಮಂಡನೆಯಾದಾಗ ವ್ಯಕ್ತಿಗಳ ಮತ್ತು ಸಂಘಟನೆಗಳ ಕಾನೂನುಬಾಹಿರ ಚಟುವಟಿಕೆಗಳನ್ನು ತಡೆಯುವುದು ಅದರ ಉದ್ದೇಶವೆಂದು ಹೇಳಿತ್ತು. ಜಂಟಿ ಸಮಿತಿಗೆ 12,000ಕ್ಕೂ ಹೆಚ್ಚು ಸಲಹೆ, ಆಕ್ಷೇಪಗಳು ಬಂದವು. ಸಮಿತಿಯಿಂದ ಹೊರಬರುವಾಗ ಆ ಪದಗಳು ತೀವ್ರ ಎಡಪಂಥೀಯ ಹಾಗೂ ತತ್ಸಮಾನ ಸಂಘಟನೆಗಳೆಂದು ಬದಲಾಗಿದ್ದವು. 2025ರ ಜುಲೈಯಲ್ಲಿ ಮಸೂದೆ ಅಂಗೀಕಾರವಾಯಿತು. ‘ತತ್ಸಮಾನ’ ಎಂಬ ಪದದೊಳಗೆ ಯಾರನ್ನು ಬೇಕಾದರೂ ಸೇರಿಸಬಹುದೆಂಬ ಟೀಕೆ ಉಳಿದೇ ಇದೆ; ಅದು ಸಕಾರಣವಾದ ಟೀಕೆಯೆಂದೇ ನಾವು ಭಾವಿಸುತ್ತೇವೆ. ಆದರೂ ‘ವ್ಯಕ್ತಿ’ ಎಂಬ ಪದ ಆ ಜಾಗದಿಂದ ಅಳಿಸಿಹೋದುದು ಸಣ್ಣ ಸಂಗತಿಯಲ್ಲ. ಜನ ಬರೆಯದೆ ಸುಮ್ಮನಿದ್ದಿದ್ದರೆ ಅದು ಅಲ್ಲಿಯೇ ಉಳಿಯುತ್ತಿತ್ತು.

ಇನ್ನು ನಮ್ಮ ಕರಾವಳಿಯ ಮನೆಮನೆಯನ್ನೂ ತಟ್ಟಿದ ಕಾನೂನಿನ ವಿಚಾರಕ್ಕೆ ಬರೋಣ. ರಾಜ್ಯದ ಏಕೀಕರಣವಾದ ಬಳಿಕ 1957ರಲ್ಲಿ ಬಿ.ಡಿ. ಜತ್ತಿಯವರ ಅಧ್ಯಕ್ಷತೆಯಲ್ಲಿ ಗೇಣಿ ಕಾನೂನುಗಳ ಬಗ್ಗೆ ಸಮಿತಿಯೊಂದು ನೇಮಕವಾಯಿತು. ಮರುವರ್ಷ ಜತ್ತಿಯವರೇ ಮುಖ್ಯಮಂತ್ರಿಯಾದರು. 1958ರಲ್ಲಿ ಮೈಸೂರು ಭೂಸುಧಾರಣಾ ಮಸೂದೆ ಮಂಡನೆಯಾಗಿ ಜಂಟಿ ಆಯ್ಕೆ ಸಮಿತಿಗೆ ಹೋಯಿತು. ಅದು ಕಾಯಿದೆಯಾಗಿ ಅಂಗೀಕಾರ ಪಡೆದದ್ದು 1961ರಲ್ಲಿ. ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 1962ರಲ್ಲಿ. ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ರಂದು. ಮಂಡನೆಯಿಂದ ಜಾರಿಯವರೆಗೆ ಏಳು ವರ್ಷ!

ಈ ಏಳು ವರ್ಷಗಳಲ್ಲಿ ಏನಾಯಿತೆಂಬುದನ್ನು ಹಳಬರು ಬಲ್ಲರು. ಕಾನೂನು ಬರಲಿದೆಯೆಂಬ ಸುಳಿವು ಮೊದಲು ಸಿಕ್ಕಿದ್ದು ಓದುಬರಹ ಬಲ್ಲ ಭೂಮಾಲೀಕರಿಗೆ. ಒಕ್ಕಲುಗಳಿಂದ ಸ್ವ-ಇಚ್ಛೆಯ ಹೆಸರಿನಲ್ಲಿ ಭೂಮಿಯನ್ನು ಬಿಡಿಸಿಕೊಂಡವರುಂಟು. ಗೇಣಿಗೆ ರಶೀದಿ ಕೊಡುವುದನ್ನು ನಿಲ್ಲಿಸಿದವರುಂಟು. ಮೂಲಗೇಣಿದಾರನಿಗೆ ಕಾಗದಪತ್ರವಾದರೂ ಇತ್ತು. ಚಾಲಗೇಣಿಯ ಬಡ ಒಕ್ಕಲಿಗೆ ಧಣಿಯ ಮಾತೇ ಕರಾರು. ಇನ್ನು ಆ ಕಾಯಿದೆಯ ಒಂದು ಪದಪುಂಜವನ್ನು ನೋಡಿರಿ: ‘ಸ್ವಂತ ಬೇಸಾಯ’. ತನ್ನ ಕೈಯಿಂದ ಉಳುವವನಷ್ಟೇ ಅಲ್ಲ, ಕೂಲಿಯಾಳುಗಳಿಂದ ಮಾಡಿಸಿ ಮೇಲ್ವಿಚಾರಣೆ ನಡೆಸುವವನೂ ಸ್ವಂತ ಬೇಸಾಯಗಾರನೇ ಎಂದು ಅರ್ಥವಿವರಣೆಯ ಖಂಡ ಹೇಳಿತು. ಸ್ವಂತ ಬೇಸಾಯಕ್ಕೆಂದು ಭೂಮಿಯನ್ನು ಮರಳಿ ಪಡೆಯುವ ಅವಕಾಶವನ್ನು ಇನ್ನೊಂದು ಖಂಡ ಧಣಿಗೆ ನೀಡಿತು. ಎರಡೂ ಖಂಡಗಳನ್ನು ಒಟ್ಟಿಗೆ ಓದಿದಾಗ ಮಾತ್ರ, ಹೊಲದಲ್ಲಿ ಉಳುತ್ತಿದ್ದವನ ನೇಗಿಲಿನ ಕೆಳಗಿಂದ ನೆಲ ಹೇಗೆ ಸರಿಯಿತೆಂಬುದು ತಿಳಿಯುತ್ತದೆ. ಓದಲು ಬಲ್ಲ ಒಕ್ಕಲು ಎಷ್ಟು ಮಂದಿಯಿದ್ದರು? ಸಮಿತಿಯ ಮುಂದೆ ಅವರ ಪರವಾಗಿ ಬರೆಯಬಲ್ಲವರು ಯಾರಿದ್ದರು?

ದೇವರಾಜ ಅರಸರ ಕಾಲದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದ ಮೇಲೆ ಚಿತ್ರ ಬದಲಾಯಿತು. ಗೇಣಿ ಭೂಮಿ ಸರ್ಕಾರದಲ್ಲಿ ನಿಹಿತವಾಯಿತು. ತಾಲೂಕುಗಳಲ್ಲಿ ಭೂನ್ಯಾಯ ಮಂಡಳಿಗಳು ಕುಳಿತವು. ಆರಂಭದಲ್ಲಿ ಅಲ್ಲಿ ವಕೀಲರಿಗೆ ಪ್ರವೇಶವಿರಲಿಲ್ಲ. ಒಕ್ಕಲುಗಳು ‘ಡಿಕ್ಲರೇಶನ್’ ಸಲ್ಲಿಸುವ ಗಡುವು ಮುಂದೆ ಹೋಗುತ್ತಾ 1979ರ ಜೂನ್ 30ಕ್ಕೆ ಮುಗಿಯಿತು. ನಮ್ಮ ಜನರಲ್ಲಿ ಅದರಿಂದ ಅಂಗಳ, ತೋಟ, ಗದ್ದೆ ತಮ್ಮದಾದವರಿದ್ದಾರೆ; ಅದರಿಂದಲೇ ಎಲ್ಲವನ್ನೂ ಕಳೆದುಕೊಂಡು ಮುಂಬಯಿಗೋ ಕೊಲ್ಲಿ ದೇಶಗಳಿಗೋ ಹೊರಟುಹೋದವರೂ ಇದ್ದಾರೆ. ಚರ್ಚುಗಳ, ದೇವಸ್ಥಾನಗಳ ಗೇಣಿಭೂಮಿಗಳೂ ಅದರ ವ್ಯಾಪ್ತಿಯಿಂದ ಹೊರಗುಳಿಯಲಿಲ್ಲ. ಧಣಿಯ ಮೊಮ್ಮಕ್ಕಳೂ ಒಕ್ಕಲಿನ ಮೊಮ್ಮಕ್ಕಳೂ ಇಂದು ಒಂದೇ ಬಲಿಪೂಜೆಯಲ್ಲಿ ಅಕ್ಕಪಕ್ಕ ಮೊಣಕಾಲೂರುತ್ತಾರೆ. ಆ ಕಾಲದ ಮಾತೆತ್ತಿದರೆ ಕೆಲವು ಮನೆಗಳಲ್ಲಿ ಈಗಲೂ ಮೌನ ಆವರಿಸುತ್ತದೆ.

ಆದುದರಿಂದ ಸಮಿತಿಗೆ ಕಳುಹಿಸಿದರೆಂಬ ಮಾತ್ರಕ್ಕೆ ಒಳಿತಾಯಿತೆಂದು ನಾವು ಹೇಳುವಂತಿಲ್ಲ. ವಿಳಂಬಕ್ಕೆ ಬೆಲೆಯಿದೆ, ಅದನ್ನು ತೆರುವವನು ಬಹುಪಾಲು ಬಡವ. ವಿಧಾನಸಭೆ ವಿಸರ್ಜನೆಯಾದರೆ ಅದರ ಮುಂದಿರುವ ಮಸೂದೆಯೂ ಬಿದ್ದುಹೋಗುತ್ತದೆಂದು ಸಂವಿಧಾನದ 196ನೆಯ ವಿಧಿ ಹೇಳುತ್ತದೆ. ಇದನ್ನು ಬಲ್ಲವರು ಸಮಿತಿಯನ್ನು ಪರಿಶೀಲನೆಯ ಬದಲು ಸಮಾಧಿಗೆ ಬಳಸುವುದೂ ಸಾಧ್ಯ. ಸಂತ ತೋಮಸ್ ಅಕ್ವಿನಾಸರು ಕಾನೂನನ್ನು ವಿವೇಕದ ವಿಧಾಯಕವೆಂದು ಕರೆದರು. ಸರ್ವರ ಹಿತ ಅದರ ಗುರಿ, ಸಮುದಾಯದ ಹೊಣೆ ಹೊತ್ತವರು ಅದರ ಕರ್ತೃಗಳು, ಪ್ರಕಟಣೆ ಅದರ ಅಂಗ. ಅದೇ ಸಂತರು ಅರಿಸ್ಟಾಟಲನನ್ನು ಅನುಸರಿಸಿ, ಆಲೋಚನೆಯಲ್ಲಿ ನಿಧಾನವೂ ನಿರ್ಧರಿಸಿದ ಬಳಿಕ ಕಾರ್ಯದಲ್ಲಿ ವೇಗವೂ ಇರುವುದು ವಿವೇಕಿಯ ಲಕ್ಷಣವೆಂದು ತಿಳಿಸುತ್ತಾರೆ. 1961ರ ಕಾಯಿದೆ ಈ ಮಾತಿನ ಮೊದಲರ್ಧವನ್ನು ಪಾಲಿಸಿ ಎರಡನೆಯದನ್ನು ಮರೆಯಿತು. ಇಂದಿನ ಸದನಗಳು ಎರಡನೆಯದನ್ನು ಮಾತ್ರ ನೆನಪಿಟ್ಟುಕೊಂಡಂತೆ ತೋರುತ್ತದೆ.

ಜನಸಂದಣಿಯ ಮಸೂದೆಯ ಬಗ್ಗೆ ನಮ್ಮ ಅಭಿಪ್ರಾಯವನ್ನು ಕೇಳಿದವರುಂಟು. ಧಾರ್ಮಿಕ ಹಬ್ಬಗಳನ್ನು ಇಂಥ ಕಾನೂನಿನಿಂದ ಪೂರ್ತಿಯಾಗಿ ಹೊರಗಿಡಬೇಕೆಂದು ಕೇಳುವುದು ನಮಗೆ ಸರಿಯೆನಿಸುವುದಿಲ್ಲ. 2024ರ ಜುಲೈ 2ರಂದು ಉತ್ತರ ಪ್ರದೇಶದ ಹಾಥರಸ್‌ನಲ್ಲಿ ಸತ್ಸಂಗಕ್ಕೆ ಬಂದು ಕಾಲ್ತುಳಿತದಲ್ಲಿ ಮಡಿದವರು 121 ಮಂದಿ. ಅವರೂ ಭಕ್ತರೇ ಆಗಿದ್ದರು, ಹೆಚ್ಚಿನವರು ಮಹಿಳೆಯರು. ನೂಕುನುಗ್ಗಲಿಗೆ ಕ್ರೀಡಾಂಗಣ ಬೇರೆ, ದೇವಾಲಯ ಬೇರೆ ಎಂಬ ಭೇದ ತಿಳಿಯದು. ನಾವು ಕೇಳಬೇಕಾದುದು ವಿನಾಯಿತಿಯನ್ನಲ್ಲ, ಸ್ಪಷ್ಟತೆಯನ್ನು. ಚರ್ಚಿನ ಹಬ್ಬದಲ್ಲಿ ‘ಆಯೋಜಕ’ ಎಂದರೆ ಯಾರು? ಧರ್ಮಗುರುವೇ, ಪಾಲನಾ ಪರಿಷತ್ತಿನ ಉಪಾಧ್ಯಕ್ಷರೇ, ಕಾರ್ಯದರ್ಶಿಯೇ? ಯಾರೂ ಕರೆಯದೆ ಹರಕೆ ಹೊತ್ತು ತಾವಾಗಿ ಬರುವ ಯಾತ್ರಿಕರ ಸಂಖ್ಯೆಯನ್ನು ಮುಂಚಿತವಾಗಿ ಬರೆದುಕೊಡುವುದು ಹೇಗೆ? ಚರ್ಚಿನ ಜಾಗದ ಹೊರಗೆ, ರಸ್ತೆಬದಿಯ ಸಂತೆಯಲ್ಲಿ ಅವಘಡವಾದರೆ ಹೊಣೆ ಯಾರದು? ಹಬ್ಬದ ಹಿಂದಿನ ದಿನ ಅನುಮತಿ ನಿರಾಕರಿಸಿದರೆ ಯಾರಲ್ಲಿ, ಎಷ್ಟು ಗಂಟೆಯೊಳಗೆ ಮೇಲ್ಮನವಿ ಸಲ್ಲಿಸಬೇಕು? ಮಾರಿಯಮ್ಮನ ಜಾತ್ರೆ, ದರ್ಗಾದ ಉರೂಸು ನಡೆಸುವ ನೆರೆಹೊರೆಯವರಿಗೂ ಇವೇ ಪ್ರಶ್ನೆಗಳಿವೆ. ಒಟ್ಟಿಗೆ ಕುಳಿತು ಬರೆದರೆ ಆ ಪತ್ರಕ್ಕೆ ತೂಕ ಹೆಚ್ಚು.

ಬರೆಯುವ ಕ್ರಮದ ಬಗ್ಗೆಯೂ ಎರಡು ಮಾತು. ಸಮಿತಿಗಳು ಸಾರ್ವಜನಿಕರ ಸಲಹೆ ಬಯಸಿದಾಗ ಕೊನೆಯ ದಿನಾಂಕದೊಂದಿಗೆ ಪ್ರಕಟಣೆ ನೀಡುತ್ತವೆ. ಆಗ ಒಂದೇ ಒಕ್ಕಣೆಯ ಕಾಗದಕ್ಕೆ ಬಲಿಪೂಜೆಯ ನಂತರ ಬಾಗಿಲಲ್ಲಿ ನಿಂತು ಇನ್ನೂರು ಸಹಿ ಮಾಡಿಸುವ ಉತ್ಸಾಹ ನಮ್ಮಲ್ಲಿ ಬಹಳವಿದೆ. ಅಂಥ ಕಾಗದ ಎಣಿಕೆಗೆ ಸಿಗುತ್ತದೆ, ಓದಿಗೆ ಸಿಗುವುದಿಲ್ಲ. ಅದರ ಬದಲು ಪ್ರತಿ ವಾಳೆಯಲ್ಲಿ ಕಾನೂನು ಓದಿದ ಒಬ್ಬ ಯುವಕ ಅಥವಾ ಯುವತಿ, ಹಬ್ಬದ ಕೆಲಸ ಮಾಡಿ ಅನುಭವವಿರುವ ಒಬ್ಬ ಗುರಿಕಾರರು ಜೊತೆಯಾಗಿ ಮಸೂದೆಯ ಪ್ರತಿಯನ್ನು ತರಿಸಿ ಓದಲಿ. ಯಾವ ಖಂಡ, ಅದರಿಂದ ಯಾರಿಗೆ ಏನು ತೊಂದರೆ, ಬದಲಿಗೆ ಯಾವ ಪದಗಳಿರಬೇಕು ಎಂಬ ಮೂರನ್ನು ಅಚ್ಚುಕಟ್ಟಾದ ಕನ್ನಡದಲ್ಲಿ ಒಂದು ಪುಟಕ್ಕೆ ಮೀರದಂತೆ ಬರೆದು, ವಿಧಾನಸಭಾ ಸಚಿವಾಲಯದ ಕಾರ್ಯದರ್ಶಿಗಳಿಗೆ ಕಳುಹಿಸಲಿ. ಕ್ಷೇತ್ರದ ಶಾಸಕರಿಗೂ ಒಂದು ಪ್ರತಿ ಮುಟ್ಟಲಿ. ಇನ್ನೊಂದು ಪ್ರತಿಯನ್ನು ಧರ್ಮಕೇಂದ್ರದ ಕಡತದಲ್ಲಿ ಇಟ್ಟುಕೊಳ್ಳಬೇಕು. ಸಮಿತಿಯ ವರದಿ ಸದನದಲ್ಲಿ ಮಂಡನೆಯಾದ ದಿನ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಲು ಅದು ಬೇಕಾಗುತ್ತದೆ.