ಬೆಟ್ಟದ ಮೇಲೆ ಸುಸ್ತಾಗುವ ಟರ್ಬೊ ಸ್ನೋಮೊಬೈಲ್: ಶಕ್ತಿ ಎಲ್ಲಿ ಸೋರಿತು?

ಸ್ನೋಮೊಬೈಲ್ ಅಂದ್ರೆ ಹಿಮದ ಮೇಲೆ ಓಡುವ ಬೈಕ್. ಮುಂದೆ ಚಕ್ರದ ಬದಲು ಎರಡು ಸ್ಕೀ, ಹಿಂದೆ ಟೈರಿನ ಬದಲು ಅಗಲವಾದ ರಬ್ಬರ್ ಟ್ರ್ಯಾಕ್. ಗುಲ್ಮಾರ್ಗ್‌ಗೆ ಟೂರ್ ಹೋದವರು ದುಡ್ಡು ಕೊಟ್ಟು ಒಂದು ರೌಂಡ್ ಹೊಡೆದು ಸ್ಟೇಟಸ್ ಹಾಕ್ತಾರಲ್ಲ, ಅದೇ. ಆದ್ರೆ ಕೆನಡಾದ ಬ್ರಿಟಿಷ್ ಕೊಲಂಬಿಯಾ, ಅಮೆರಿಕದ ಕೊಲೊರಾಡೊ ಕಡೆ ಅದು ಬರೀ ಫೋಟೊ ವಿಷಯ ಅಲ್ಲ. ಎರಡು-ಮೂರು ಸಾವಿರ ಮೀಟರ್ ಎತ್ತರದಲ್ಲಿ, ರಸ್ತೆಯಿಂದ ಎಷ್ಟೋ ದೂರ, ಸೊಂಟದವರೆಗಿನ ಹಿಮದಲ್ಲಿ ಗಾಡಿ ಹತ್ತಿಸ್ತಾರೆ. ಹಿಮಕುಸಿತ ಆಗಬಹುದಾದ ಇಳಿಜಾರಿನ ಮಧ್ಯದಲ್ಲಿ ಇಂಜಿನ್ ಸೊರಗಿದ್ರೆ ಗಾಡಿ ಅಲ್ಲೇ ಹೂತುಹೋಗುತ್ತೆ, ಓಡಿಸೋನು ಇರಬಾರದ ಜಾಗದಲ್ಲೇ ಸಿಕ್ಕಿಹಾಕ್ಕೊಳ್ತಾನೆ.

ಎತ್ತರಕ್ಕೆ ಹೋದಷ್ಟೂ ಗಾಳಿ ತೆಳು. ಟರ್ಬೊ ಇಲ್ಲದ ಇಂಜಿನ್ ಪ್ರತಿ 1000 ಅಡಿಗೆ ಸುಮಾರು 3 ಶೇಕಡಾ ಶಕ್ತಿ ಕಳ್ಕೊಳ್ಳುತ್ತೆ. ಅದಕ್ಕೇ ಟರ್ಬೊ ಬಂತು. 4-ಸ್ಟ್ರೋಕ್ ಟರ್ಬೊ ಗಾಡಿಗಳು ಮುಂಚೆಯೇ ಇದ್ದವು. ಕಾರ್ಖಾನೆಯಿಂದಲೇ ಟರ್ಬೊ ಹಾಕಿ ಬಂದ ಮೊದಲ 2-ಸ್ಟ್ರೋಕ್ ಸ್ನೋಮೊಬೈಲ್ ಅಂದ್ರೆ 2021ರ ಮಾಡೆಲ್ ಸ್ಕೀ-ಡೂ ಸಮ್ಮಿಟ್ 850 ಇ-ಟೆಕ್ ಟರ್ಬೊ. 8000 ಅಡಿವರೆಗೂ 165 ಅಶ್ವಶಕ್ತಿ ಇಳಿಯಲ್ಲ ಅನ್ನೋದೇ ಅದರ ಹೆಗ್ಗಳಿಕೆ.

ಸರಿ, ಅಂಥ ಒಂದು ಟರ್ಬೊ ಗಾಡಿ ಹೋದ ವಾರ ಹತ್ತಿದ ಬೆಟ್ಟವನ್ನು ಈ ವಾರ ಹತ್ತುತ್ತಿಲ್ಲ ಅಂತಿಟ್ಕೊಳ್ಳಿ. ಎಲ್ಲಿಂದ ಶುರು ಮಾಡೋದು? ಎಲ್ಲರ ಕೈಯೂ ಮೊದಲು ಟರ್ಬೊ ಕಡೆಗೇ ಹೋಗುತ್ತೆ, ಯಾಕಂದ್ರೆ ಅದೇ ದುಬಾರಿ ಭಾಗ. ನನ್ನ ಪ್ರಕಾರ ಮೊದಲು ನೋಡಬೇಕಾದ್ದು ಆರ್‌ಪಿಎಂ ಮೀಟರ್.

ಕಾರಣ ಗೇರ್‌ನಲ್ಲಿದೆ, ಅಥವಾ ಗೇರ್ ಇಲ್ಲದಿರೋದ್ರಲ್ಲಿದೆ. ಸ್ನೋಮೊಬೈಲ್‌ಗೆ ಇರೋದು ನಮ್ಮ ಆಕ್ಟಿವಾದಲ್ಲಿ ಇರೋ ಥರದ್ದೇ ಬೆಲ್ಟ್ ವ್ಯವಸ್ಥೆ, ಸಿವಿಟಿ. ಇಂಜಿನ್ ಕಡೆ ಒಂದು ಕ್ಲಚ್, ಟ್ರ್ಯಾಕ್ ಕಡೆ ಇನ್ನೊಂದು, ನಡುವೆ ಬೆಲ್ಟ್. ಇಂಜಿನ್ ವೇಗವಾಗಿ ತಿರುಗಿದಂತೆ ಮುಂದಿನ ಕ್ಲಚ್‌ನ ತೂಕಗಳು ಹೊರಕ್ಕೆ ಎದ್ದು ಬೆಲ್ಟನ್ನು ಹಿಸುಕಿ ಮೇಲಕ್ಕೆ ತಳ್ಳುತ್ತವೆ, ಅಂದ್ರೆ ಗೇರ್ ಏರಿಸ್ತವೆ. ಇಂಜಿನ್‌ನ ಟಾರ್ಕ್ ಮತ್ತು ಹಿಂದಿನ ಕ್ಲಚ್‌ನ ಸ್ಪ್ರಿಂಗ್ ಅದನ್ನ ತಡೀತವೆ. ಈ ಎಳೆದಾಟ ಎಲ್ಲಿ ಸಮ ಆಗುತ್ತೋ ಆರ್‌ಪಿಎಂ ಅಲ್ಲೇ ನಿಲ್ಲುತ್ತೆ. ಪೂರ್ತಿ ಥ್ರಾಟಲ್ ಕೊಟ್ರೆ ಗಾಡಿ ಗಂಟೆಗೆ 40 ಕಿಲೋಮೀಟರ್‌ನಲ್ಲಿದ್ರೂ 80ರಲ್ಲಿದ್ರೂ ಇಂಜಿನ್ ಹೆಚ್ಚುಕಡಿಮೆ ಒಂದೇ ಆರ್‌ಪಿಎಂನಲ್ಲಿ ಹಾಡ್ತಿರುತ್ತೆ.

ಹಾಗಾದ್ರೆ ತೂಕ, ಸ್ಪ್ರಿಂಗ್ ಯಾವುದನ್ನೂ ಮುಟ್ಟಿಲ್ಲ, ಆದ್ರೂ ಯಾವಾಗಲೂ 8000 ತೋರಿಸ್ತಿದ್ದ ಮೀಟರ್ ಈಗ 7600 ತೋರಿಸ್ತಿದೆ ಅಂದ್ರೆ ಟಾರ್ಕ್ ಆ ಜಗ್ಗಾಟದಲ್ಲಿ ಸೋತಿದೆ. ಇಂಜಿನ್‌ನ ಶಕ್ತಿ ಇಳಿದಿದೆ. ಬದಲಿಗೆ ಆರ್‌ಪಿಎಂ 8000 ದಾಟಿ ಕೂಗ್ತಿದೆ, ಗಾಡಿ ಮಾತ್ರ ಮುಂದೆ ಹೋಗ್ತಿಲ್ಲ ಅಂದ್ರೆ ಇಂಜಿನ್ ಚೆನ್ನಾಗೇ ಇದೆ, ಬೆಲ್ಟ್ ಜಾರುತ್ತಿದೆ. ಹಳೇ ಸ್ಕೂಟರ್ ಫ್ಲೈಓವರ್ ಹತ್ತುವಾಗ ಬರೀ ಸೌಂಡ್ ಮಾಡುತ್ತಲ್ಲ, ಹಾಗೆ. ಆರ್‌ಪಿಎಂ, ಬೂಸ್ಟ್ ಎರಡೂ ಸರಿ, ವೇಗ ಮಾತ್ರ ಇಲ್ಲ ಅಂದ್ರೆ ಟ್ರ್ಯಾಕ್ ಬಿಗಿಯಾಗಿರಬಹುದು, ಕೆಳಗೆ ಐಸ್ ಕಟ್ಟಿರಬಹುದು, ಇಲ್ಲವೇ ಹಿಮವೇ ಒದ್ದೆಯಾಗಿ ಭಾರ ಆಗಿರಬಹುದು. ಕ್ಲಚ್ಚೇ ಡೈನೊ ಥರ ಕೆಲಸ ಮಾಡ್ತಿದೆ ನೋಡಿ, ಲ್ಯಾಬ್ ಬೇಡ! ಒಂದೇ ಷರತ್ತು: ಬೆಲ್ಟ್ ಬೆಚ್ಚಗಾದ ಮೇಲೆ, ಪೂರ್ತಿ ಥ್ರಾಟಲ್‌ನಲ್ಲಿ ಕೆಲವು ಸೆಕೆಂಡ್ ಹಿಡಿದು ಓದಬೇಕು. ಬೆಲ್ಟ್ ಸವೆದು ಅಗಲ ಕಡಿಮೆ ಆಗಿದ್ರೂ, ಮುಂದಿನ ಕ್ಲಚ್‌ನ ಸ್ಪ್ರಿಂಗ್ ಸೋತಿದ್ರೂ ಈ ಅಂಕಿ ಬದಲಾಗುತ್ತೆ, ಹಾಗಾಗಿ ಬೆಲ್ಟ್ ಅಗಲ ಅಳೆಯೋ ಐದು ನಿಮಿಷದ ಕೆಲಸ ಮೊದಲೇ ಮುಗಿಸಿಬಿಡಿ.

ಟರ್ಬೊ ಗಾಡಿಯಲ್ಲಿ ಸಣ್ಣ ನಷ್ಟವೂ ಯಾಕೆ ದೊಡ್ಡದಾಗಿ ಕಾಣುತ್ತೆ ಅನ್ನೋದೂ ಇಲ್ಲೇ ಇದೆ. ಎತ್ತರದಲ್ಲಿ ಓಡಿಸುವ ಸಾಮಾನ್ಯ ಗಾಡಿಗೆ ಕ್ಲಚ್‌ನಲ್ಲಿ ಹಗುರ ತೂಕ ಹಾಕ್ತಾರೆ, ಯಾಕಂದ್ರೆ ಅಲ್ಲಿ ಟಾರ್ಕ್ ಕಡಿಮೆ. ಟರ್ಬೊ ಗಾಡಿಗೆ ಅಲ್ಲೂ ಭಾರದ ತೂಕವೇ ಇರುತ್ತೆ. ಈಗ ಬೂಸ್ಟ್ ಹೋಯ್ತು ಅಂದ್ರೆ, ಆ ಭಾರದ ತೂಕ ಸೊರಗಿದ ಇಂಜಿನನ್ನ ಇನ್ನೂ ಕೆಳಗೆ ಎಳೆದುಬಿಡುತ್ತೆ. 2-ಸ್ಟ್ರೋಕ್ ಆದ್ರಂತೂ ಕಥೆ ಮುಗೀತು. ಅದರ ಸೈಲೆನ್ಸರ್ ಪೈಪ್‌ನ ಆಕಾರ ಒಂದು ಕಿರಿದಾದ ಆರ್‌ಪಿಎಂ ಪಟ್ಟಿಗೆ ಮಾತ್ರ ಹೊಂದಿಸಿರೋದು, ಆ ಪಟ್ಟಿಯಿಂದ ಕೆಳಗೆ ಜಾರಿದ್ರೆ ಪೈಪ್ ಸಹಾಯ ಮಾಡೋದನ್ನೇ ನಿಲ್ಲಿಸುತ್ತೆ. ಶುರುವಾಗಿದ್ದು ಸಣ್ಣ ಸೋರಿಕೆಯಿಂದ, ಅನುಭವಕ್ಕೆ ಬರೋದು ಅರ್ಧ ಇಂಜಿನ್ ಸತ್ತ ಹಾಗೆ.

ಆರ್‌ಪಿಎಂ ಕಡಿಮೆ ಅಂತ ಖಾತ್ರಿ ಆದ್ಮೇಲೆ ಬೂಸ್ಟ್ ನೋಡ್ಬೇಕು. ಇಲ್ಲೊಂದು ಮೋಸ ಇದೆ. ಸಾಮಾನ್ಯ ಬೂಸ್ಟ್ ಗೇಜ್ ತೋರಿಸೋದು ಹೊರಗಿನ ಗಾಳಿಗಿಂತ ಎಷ್ಟು ಹೆಚ್ಚು ಅಂತ ಮಾತ್ರ. ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ 101 ಕಿಲೋಪಾಸ್ಕಲ್. ನಮ್ಮ ಬೆಂಗಳೂರಲ್ಲಿ ಸುಮಾರು 91. 8000 ಅಡಿಯಲ್ಲಿ ಸುಮಾರು 75. ಅಲ್ಲಿ ಗೇಜ್ 26 ತೋರಿಸಿದ್ರೆ 'ಪರವಾಗಿಲ್ಲ, ಬೂಸ್ಟ್ ಬರ್ತಿದೆ' ಅನ್ಸುತ್ತೆ, ಆದ್ರೆ ಇಂಜಿನ್‌ಗೆ ಸಿಕ್ಕಿದ್ದು ಬರೀ ಸಮುದ್ರಮಟ್ಟದ ಗಾಳಿ. ಎರಡು ದಿನದ ಓಟ ಹೋಲಿಸಬೇಕಾದ್ರೆ ಹೊರಗಿನದ್ದು, ಗೇಜ್‌ನದ್ದು ಎರಡೂ ಕೂಡಿಸಿದ ಒಟ್ಟು ಒತ್ತಡವನ್ನೇ ಹೋಲಿಸಬೇಕು. ತಾಪಮಾನವನ್ನೂ ಬರ್ಕೊಳ್ಳಿ: ಮೈನಸ್ 15 ಡಿಗ್ರಿಯ ಗಾಳಿ ಪ್ಲಸ್ 5ರ ಗಾಳಿಗಿಂತ ಸುಮಾರು 8 ಶೇಕಡಾ ದಟ್ಟ. ಏಪ್ರಿಲ್‌ನಲ್ಲಿ ಗಾಡಿ ಡಲ್ ಆಯ್ತು ಅಂದ್ರೆ ಅದು ರೋಗವೇ ಆಗಿರಬೇಕಿಲ್ಲ.

ಬೂಸ್ಟ್ ನಿಜವಾಗಲೂ ಕಡಿಮೆ ಇದ್ರೆ ಮೊದಲು ಗಾಳಿ ಒಳಗೆ ಬರುವ ಜಾಲರಿ ನೋಡಿ. ಪುಡಿಹಿಮ ಮೆತ್ತಿಕೊಂಡು ಅದು ಮುಚ್ಚಿಹೋಗೋದು ಮಾಮೂಲಿ, ಕೈಯಲ್ಲಿ ಒರೆಸಿದ್ರೆ ಆಯ್ತು. ಅದಾದ್ಮೇಲೆ ಟರ್ಬೊದಿಂದ ಇಂಜಿನ್‌ವರೆಗಿನ ಹೋಸ್, ಕ್ಲಾಂಪ್, ಇಂಟರ್‌ಕೂಲರ್. ಜಾಯಿಂಟ್ ಹತ್ರ ಎಣ್ಣೆಯ ತೆಳು ಪಸೆ ಕಂಡ್ರೆ ಅನುಮಾನ ಪಡಿ. ಖಾತ್ರಿ ಮಾಡ್ಕೊಳ್ಳೋಕೆ ಇಂಜಿನ್ ಆಫ್ ಮಾಡಿ, ಟರ್ಬೊ ಬಾಯಿ ಮುಚ್ಚಿ, ಸ್ವಲ್ಪ ಒತ್ತಡದ ಗಾಳಿ ತುಂಬಿಸಿ, ಸೋಪಿನ ನೀರು ಹಾಕೋದು. ಪಂಕ್ಚರ್ ಅಂಗಡಿಯವರ ವಿದ್ಯೆಯೇ.

ಈ ಸೋರಿಕೆಗೊಂದು ಕಳ್ಳಬುದ್ಧಿ ಇದೆ. ಕೆಳಗಡೆ ಇಸಿಯು ವೇಸ್ಟ್‌ಗೇಟನ್ನ ಇನ್ನಷ್ಟು ಮುಚ್ಚಿ, ಹೆಚ್ಚು ಎಕ್ಸಾಸ್ಟನ್ನ ಟರ್ಬೈನ್ ಕಡೆ ತಳ್ಳಿ, ಟರ್ಬೊ ಜೋರಾಗಿ ತಿರುಗಿಸಿ ನಷ್ಟ ತುಂಬಿಕೊಡುತ್ತೆ. ನಿಮಗೆ ಏನೂ ಗೊತ್ತಾಗಲ್ಲ. ಮೇಲೆ ಹೋದಾಗ ಟರ್ಬೊಗೆ ಮೊದಲೇ ಹೆಚ್ಚು ಕೆಲಸ, ತುಂಬಿಕೊಡೋಕೆ ಮಿಗಿಲಿಲ್ಲ. ಹಾಗಾಗಿ 'ಪಾರ್ಕಿಂಗ್ ಹತ್ರ ಚೆನ್ನಾಗಿತ್ತು, ಮೇಲೆ ಹೋದ್ಮೇಲೆ ಸತ್ತೋಯ್ತು' ಅನ್ನೋ ದೂರು ಬಂದ್ರೆ ನಾನು ಮೊದಲು ಕ್ಲಾಂಪ್‌ಗಳನ್ನೇ ನೋಡೋದು. ಟರ್ಬೈನ್‌ಗೆ ಮುಂಚೆ ಎಕ್ಸಾಸ್ಟ್ ಸೋರಿದ್ರೂ ಇದೇ ಲಕ್ಷಣ, ಆದ್ರೆ ಅಲ್ಲಿ ಕಪ್ಪು ಮಸಿಯ ಗುರುತು ಇರುತ್ತೆ.

ಇಂಥ ಹೊತ್ತಲ್ಲಿ ಕೆಲವರು ಸೋರಿಕೆ ಹುಡುಕೋ ಬದಲು ಬೂಸ್ಟ್ ಸೆಟ್ಟಿಂಗ್ ಏರಿಸಿಬಿಡ್ತಾರೆ. ಇದು ನಿಜವಾಗಿ ಅಪಾಯ. ಟರ್ಬೊ ಮಿತಿ ಮೀರಿ ತಿರುಗುತ್ತೆ, ಗಾಳಿ ಬಿಸಿಯಾಗುತ್ತೆ, ಬಿಸಿ ಗಾಳಿಯಿಂದ ನಾಕಿಂಗ್ ಬರುತ್ತೆ, ನಾಕಿಂಗ್‌ನಿಂದ ಪಿಸ್ಟನ್ ತೂತು.

ಬೂಸ್ಟ್ ಸರಿ, ಬೆಲ್ಟ್ ಸರಿ, ಆರ್‌ಪಿಎಂ ಮಾತ್ರ ಕಡಿಮೆ ಅಂದ್ರೆ ಇಂಧನದ ಕಡೆ ತಿರುಗಿ. ಟ್ಯಾಂಕ್‌ಗೆ ಸೇರಿದ ನೀರು ಆ ಚಳಿಗೆ ಐಸ್ ಆಗಿ ಫಿಲ್ಟರ್ ಕಟ್ಟಬಹುದು. ಆಮೇಲಿಂದ ಟರ್ಬೊ ಕಿಟ್ ಹಾಕಿದ ಗಾಡಿಯಾದ್ರೆ ಇನ್ನೊಂದು ಲೆಕ್ಕ. ಇಂಧನದ ಒತ್ತಡ 300 ಕಿಲೋಪಾಸ್ಕಲ್, ಎದುರಿನ ಬೂಸ್ಟ್ 50 ಅಂದ್ರೆ ಇಂಜೆಕ್ಟರ್‌ಗೆ ಉಳಿಯೋದು 250. ಹರಿವು ಒತ್ತಡದ ವರ್ಗಮೂಲಕ್ಕೆ ಅನುಗುಣ, ಹಾಗಾಗಿ ಗಾಳಿ ಹೆಚ್ಚು ಬರ್ತಿರೋ ಹೊತ್ತಲ್ಲೇ ಪೆಟ್ರೋಲ್ ಸುಮಾರು 9 ಶೇಕಡಾ ಕಡಿಮೆ! ಬೂಸ್ಟ್ ಜೊತೆಗೇ ಇಂಧನದ ಒತ್ತಡವನ್ನೂ ಏರಿಸುವ ರೆಗ್ಯುಲೇಟರ್ ಇರೋದು ಅದಕ್ಕೇ. ಆ ರೆಗ್ಯುಲೇಟರ್‌ನ ಪುಟ್ಟ ಪೈಪ್ ಕಳಚಿದ್ರೆ ಸಾಕು. ಕಡಿಮೆ ಆಕ್ಟೇನ್ ಪೆಟ್ರೋಲ್ ಹಾಕಿದ್ರೂ ಶಕ್ತಿ ಇಳಿಯುತ್ತೆ, ಯಾಕಂದ್ರೆ ನಾಕ್ ಸೆನ್ಸರ್ ಎಚ್ಚರಿಸಿದ ಕೂಡಲೇ ಇಸಿಯು ಸ್ಪಾರ್ಕ್ ತಡ ಮಾಡುತ್ತೆ. ಅದು ಕೆಟ್ಟಿರೋದಲ್ಲ, ಇಂಜಿನ್ ಕಾಪಾಡ್ತಿರೋದು. ಆ ರಕ್ಷಣೆಯನ್ನ ಬೈಪಾಸ್ ಮಾಡಬೇಡಿ, ಕೋಡ್ ಓದಿ.

ಟರ್ಬೊ ಸರದಿ ಬರೋದು ಈಗ. ಪೂರ್ತಿ ತಣ್ಣಗಾದ ಮೇಲೆ ಹೋಸ್ ತೆಗೆದು ಬೆರಳಲ್ಲಿ ತಿರುಗಿಸಿ. ಸ್ವಲ್ಪ ಅಲ್ಲಾಡಿದ್ರೆ ತೊಂದರೆ ಇಲ್ಲ, ರೆಕ್ಕೆ ಗೋಡೆಗೆ ತಾಗಿದ್ರೆ ಬೇರಿಂಗ್ ಹೋಗಿದೆ.

2-ಸ್ಟ್ರೋಕ್‌ನಲ್ಲಿ ಇನ್ನೂ ಎರಡು ಉಳೀತು. ಎಕ್ಸಾಸ್ಟ್ ವಾಲ್ವ್ ಮಸಿ ಹಿಡಿದು ಅಂಟಿಕೊಂಡಿದ್ರೆ ಮೇಲಿನ ಆರ್‌ಪಿಎಂನಲ್ಲಿ ಉಸಿರು ಕಟ್ಟುತ್ತೆ, ಬಿಚ್ಚಿ ತೊಳೀಬೇಕು. ಇನ್ನೊಂದು ಕಂಪ್ರೆಷನ್ ಟೆಸ್ಟ್. ಇಂಜಿನ್ ಬೆಚ್ಚಗಿರಲಿ, ಥ್ರಾಟಲ್ ಪೂರ್ತಿ ತೆರೆದಿರಲಿ. ಬೆಟ್ಟದ ಮೇಲಿನ ಊರಲ್ಲಿ ಟೆಸ್ಟ್ ಮಾಡಿದ್ರೆ ಅಂಕಿ ಕಡಿಮೆಯೇ ಬರುತ್ತೆ, 8000 ಅಡಿಯಲ್ಲಿ ಸುಮಾರು ಕಾಲು ಭಾಗ ಕಡಿಮೆ. ಅದನ್ನ ನೋಡಿ ಗಾಬರಿಯಾಗಿ ಇಂಜಿನ್ ಬಿಚ್ಚಬೇಡಿ. ಎರಡು ಸಿಲಿಂಡರ್‌ಗಳ ನಡುವೆ 10 ಶೇಕಡಾಕ್ಕಿಂತ ಹೆಚ್ಚು ವ್ಯತ್ಯಾಸ ಬಂದ್ರೆ ಮಾತ್ರ ಬಿಚ್ಚಿ ಪಿಸ್ಟನ್ ನೋಡಿ.