ಮೂಳೆಗಳು ನುಡಿದ ಸಾಕ್ಷ್ಯ

ಮಾತು ಬಾರದ ಶಿಶುವಿಗೆ ನೋವಾದರೆ ಅದು ಅಳಬಲ್ಲುದು. ಆ ನೋವು ಯಾರಿಂದಾಯಿತೆಂದು ಹೇಳಲಾರದು. ಅದರ ಪರವಾಗಿ ಹೇಳಬೇಕಾದವರು ತಂದೆತಾಯಿಗಳು. ಪೆಟ್ಟು ಅವರ ಕೈಯಿಂದಲೇ ಬಿದ್ದಿದ್ದರೆ ಹೇಳುವವರಾರು? ಮನೆಯೊಳಗಿನ ಮಾತು ಮನೆಯೊಳಗೇ ಇರಬೇಕೆಂಬ ನಂಬಿಕೆ ಅನೇಕ ದೇಶಗಳಲ್ಲಿ ಬಲವಾಗಿ ಬೇರೂರಿದ್ದಿತು. ಆ ಮೌನವನ್ನು ಮುರಿಯುವ ಕಾರ್ಯದಲ್ಲಿ ಭೌತವಿಜ್ಞಾನದ ಶೋಧವೊಂದು ನೆರವಾಯಿತೆಂಬುದು ಗಮನಾರ್ಹವಾದ ಸಂಗತಿ.

1860ರಲ್ಲಿ ಪ್ಯಾರಿಸ್ಸಿನ ನ್ಯಾಯವೈದ್ಯನಾದ ಆಂಬ್ರೂಸ್ ತಾರ್ದ್ಯೂ ಎಂಬಾತನು ಹಿಂಸೆಗೆ ಗುರಿಯಾಗಿದ್ದ 32 ಮಕ್ಕಳ ವಿವರಗಳನ್ನು ಪ್ರಕಟಿಸಿದನು. ಅವರಲ್ಲಿ 18 ಮಕ್ಕಳು ಸತ್ತಿದ್ದರು. ಹೊಡೆದವರು ಬಹುಮಟ್ಟಿಗೆ ಹೆತ್ತವರೇ ಎಂದು ಅವನು ಸ್ಪಷ್ಟವಾಗಿ ಬರೆದಿದ್ದರೂ ವೈದ್ಯಲೋಕ ಅದಕ್ಕೆ ಕಿವಿಗೊಡಲಿಲ್ಲ. ಜೀವಂತವಾಗಿರುವ ಮಗುವಿನ ಮೈಯೊಳಗಿನ ಗಾಯವನ್ನು ನೋಡುವ ಸಾಧನವೂ ಆಗ ಇರಲಿಲ್ಲ.

ಆ ಸಾಧನವನ್ನು ಒದಗಿಸಿದವನು ರಾಂಟ್ಜನ್. 1895ರಲ್ಲಿ ಅವನು ಕಂಡುಹಿಡಿದ ಕ್ಷ-ಕಿರಣಗಳು ಮಾಂಸವನ್ನು ಸುಲಭವಾಗಿ ಹಾಯ್ದು ಹೋಗುತ್ತವೆ. ಸುಣ್ಣದ ಅಂಶವುಳ್ಳ ಮೂಳೆಯಾದರೋ ಅವುಗಳನ್ನು ಹೆಚ್ಚಾಗಿ ಹೀರಿಕೊಳ್ಳುತ್ತದೆ. ಆದುದರಿಂದ ಚಿತ್ರದಲ್ಲಿ ಮೂಳೆ ಬೆಳ್ಳಗೆ ಎದ್ದು ಕಾಣುತ್ತದೆ.

ಮೂಳೆಯ ದಿನಚರಿ

ಮೂಳೆಯು ಜಡವಸ್ತುವಲ್ಲ, ಜೀವವುಳ್ಳ ಅಂಗ. ಅದು ಮುರಿದಾಗ ಮೊದಲು ಆ ಜಾಗದಲ್ಲಿ ರಕ್ತ ಸೇರುತ್ತದೆ. ಮೂಳೆಯನ್ನು ಹೊದೆದಿರುವ ತೆಳುಪೊರೆಯ ಕೆಳಗೆ ಒಂದೆರಡು ವಾರಗಳಲ್ಲಿ ಹೊಸ ಮೂಳೆಯ ಪದರವು ಕಾಣಿಸಿಕೊಳ್ಳುತ್ತದೆ. ಅನಂತರ ಗಂಟಿನಂತಹ ಬೆಸುಗೆ ಬೆಳೆದು ತಿಂಗಳುಗಳ ಕಾಲದಲ್ಲಿ ಸವೆದು ನುಣುಪಾಗುತ್ತದೆ. ಹೀಗೆ ಮುರಿತದ ವಯಸ್ಸನ್ನು ಚಿತ್ರ ನೋಡಿ ಸ್ಥೂಲವಾಗಿ ಊಹಿಸಬಹುದು. ಒಂದೇ ಶಿಶುವಿನ ಮೈಯಲ್ಲಿ ಹೊಸ ಮುರಿತ, ಅರೆಮಾಗಿದ ಮುರಿತ, ಹಳೆಯ ಬೆಸುಗೆ ಇವು ಮೂರೂ ಒಟ್ಟಿಗೆ ಕಂಡರೆ, ‘ಒಮ್ಮೆ ತೊಟ್ಟಿಲಿನಿಂದ ಬಿದ್ದಿತು’ ಎಂಬ ಮಾತು ನಿಲ್ಲಲಾರದು. ಪೆಟ್ಟು ಮತ್ತೆ ಮತ್ತೆ ಬಿದ್ದಿರಬೇಕು.

ಇನ್ನೊಂದು ಗುರುತೂ ಉಂಟು. ಶಿಶುವಿನ ಕೈಕಾಲುಗಳ ಉದ್ದ ಮೂಳೆಗಳು ತುದಿಯಲ್ಲಿ ಬೆಳೆಯುತ್ತವೆ. ಕೈಕಾಲನ್ನು ಬಲವಾಗಿ ಜಗ್ಗಿದರೆ ಅಥವಾ ತಿರುಚಿದರೆ ಆ ಎಳೆಯ ತುದಿಯ ಅಂಚು ಸಣ್ಣ ಚೂರಾಗಿ ಕಿತ್ತು ಬರುತ್ತದೆ. ಇನ್ನೂ ತೆವಳಲಾರದ ಕೂಸು ಇಂತಹ ಗಾಯವನ್ನು ತಾನಾಗಿಯೇ ಮಾಡಿಕೊಳ್ಳುವುದೆಂತು?

ಕಂಡರೂ ಹೇಳದ ಕಾಲ

1946ರಲ್ಲಿ ನ್ಯೂಯಾರ್ಕಿನ ಜಾನ್ ಕ್ಯಾಫಿ ಎಂಬ ವೈದ್ಯನು ಆರು ಶಿಶುಗಳ ವೃತ್ತಾಂತವನ್ನು ಪ್ರಕಟಿಸಿದನು. ಅವುಗಳ ಮೆದುಳಿನ ಹೊದಿಕೆಯ ಕೆಳಗೆ ರಕ್ತ ಸೇರಿದ್ದಿತು. ಜೊತೆಗೆ ಉದ್ದ ಮೂಳೆಗಳು ಹಲವೆಡೆ ಮುರಿದಿದ್ದುವು. ಮೂಳೆಯ ರೋಗವಾವುದೂ ಕಾಣಲಿಲ್ಲ. ಮುರಿತಗಳಿಗೆ ಪೆಟ್ಟೇ ಕಾರಣವೆಂದು ಅವನು ಕಂಡುಕೊಂಡನಾದರೂ ಆ ಪೆಟ್ಟು ಹೇಗೆ ಬಿದ್ದಿತೆಂಬುದು ಸ್ಪಷ್ಟವಿಲ್ಲವೆಂದೇ ಬರೆದನು. 1953ರಲ್ಲಿ ಫ್ರೆಡರಿಕ್ ಸಿಲ್ವರ್‌ಮನ್ ಮನೆಯವರು ಹೇಳದೆ ಉಳಿದ ಪೆಟ್ಟುಗಳತ್ತ ಮತ್ತೆ ಬೆರಳು ತೋರಿದನು. ಆದರೂ ತಂದೆತಾಯಿಗಳು ಇಂತಹ ಕೃತ್ಯವೆಸಗಬಲ್ಲರೆಂದು ನಂಬಲು ವೈದ್ಯರ ಮನಸ್ಸು ಒಪ್ಪಲಿಲ್ಲ. ಚಿತ್ರಗಳು ಕಣ್ಣೆದುರಿಗಿದ್ದುವು, ಕೊರತೆಯಿದ್ದುದು ಧೈರ್ಯಕ್ಕೆ.

1962ರಲ್ಲಿ ಅಮೆರಿಕದ ಡೆನ್ವರ್ ನಗರದ ಮಕ್ಕಳ ವೈದ್ಯ ಹೆನ್ರಿ ಕೆಂಪಿಯೂ ಸಿಲ್ವರ್‌ಮನ್ ಮೊದಲಾದ ಸಂಗಡಿಗರೂ 71 ಆಸ್ಪತ್ರೆಗಳಿಂದ ಒಂದು ವರ್ಷದ ಮಾಹಿತಿಯನ್ನು ತರಿಸಿ ಪ್ರಕಟಿಸಿದರು. ಹಿಂಸೆಗೊಳಗಾದ ಮಕ್ಕಳು 302. ಅವರಲ್ಲಿ 33 ಮಕ್ಕಳು ತೀರಿಕೊಂಡಿದ್ದರು. 85 ಮಕ್ಕಳ ಮೆದುಳಿಗೆ ಶಾಶ್ವತವಾದ ಹಾನಿಯಾಗಿದ್ದಿತು. ಈ ಸ್ಥಿತಿಗೆ ಅವರು ‘ಪೆಟ್ಟುಂಡ ಮಗುವಿನ ಲಕ್ಷಣಕೂಟ’ ಎಂಬ ಅರ್ಥದ ಹೆಸರಿಟ್ಟರು. ಹೆಸರು ಹುಟ್ಟಿದೊಡನೆ ಮಾತು ಹುಟ್ಟಿತು. ಸಂಶಯ ಬಂದೊಡನೆ ವೈದ್ಯರು ಅಧಿಕಾರಿಗಳಿಗೆ ತಿಳಿಸಬೇಕೆಂಬ ಕಾನೂನುಗಳು 1967ರ ವೇಳೆಗೆ ಅಮೆರಿಕದ ಎಲ್ಲ ರಾಜ್ಯಗಳಲ್ಲಿಯೂ ಜಾರಿಗೆ ಬಂದುವು.

ಆದರೆ ವಿಜ್ಞಾನವು ಆತುರವನ್ನು ಕಲಿಸುವುದಿಲ್ಲ. ರಿಕೆಟ್ಸ್, ಸ್ಕರ್ವಿ, ಹುಟ್ಟಿನಿಂದಲೇ ಮೂಳೆ ಪೆಳಸಾಗಿರುವ ರೋಗ ಇವುಗಳಿಂದಲೂ ಮೂಳೆಗಳಲ್ಲಿ ಇಂತಹ ಬದಲಾವಣೆಗಳು ತೋರಬಹುದು. ರಕ್ತಪರೀಕ್ಷೆ, ಮನೆಯವರ ಹೇಳಿಕೆ, ಗಾಯದ ರೀತಿ ಎಲ್ಲವನ್ನೂ ತೂಗಿ ನೋಡಿದಲ್ಲದೆ ವೈದ್ಯನು ನಿರ್ಣಯ ಹೇಳಬಾರದು. ನಿರಪರಾಧಿಯನ್ನು ದೂರುವುದೂ ಅನ್ಯಾಯವೇ. ಅಪರಾಧವನ್ನು ಕಂಡು ಸುಮ್ಮನಿರುವುದೂ ಅನ್ಯಾಯವೇ.

ನಮ್ಮ ಕರ್ತವ್ಯ

ಮನೆಯೊಳಗಿನ ಹಿಂಸೆ ಶಿಶುಗಳಿಗೆ ಮಾತ್ರ ಮೀಸಲಲ್ಲ. ಮಹಿಳೆಯರನ್ನು ಗೃಹಹಿಂಸೆಯಿಂದ ರಕ್ಷಿಸಲು ನಮ್ಮ ದೇಶದಲ್ಲಿ 2005ರಲ್ಲಿ ಕಾನೂನು ರಚಿತವಾಗಿ 2006ರಲ್ಲಿ ಜಾರಿಗೆ ಬಂದಿತು. ಅದರಂತೆ ಹಿಂಸೆಗೊಳಗಾದವಳೇ ಆಗಬೇಕೆಂದಿಲ್ಲ. ನೆರೆಯವರಾಗಲಿ ಬೇರೆ ಯಾರೇ ಆಗಲಿ ರಕ್ಷಣಾಧಿಕಾರಿಗೆ ವಿಷಯ ತಿಳಿಸಬಹುದು. ಸದ್ಭಾವನೆಯಿಂದ ತಿಳಿಸಿದವರನ್ನು ಅದಕ್ಕಾಗಿ ಹೊಣೆಗಾರರನ್ನಾಗಿ ಮಾಡುವಂತಿಲ್ಲ. ಮಕ್ಕಳಿಗಾಗಿ 1098 ಸಂಖ್ಯೆಯ ದೂರವಾಣಿಯಿದೆ. ಸಂಕಟದಲ್ಲಿರುವ ಮಗುವೂ ಅದನ್ನು ಕಂಡ ಗೆಳೆಯನೂ ಕರೆಯಬಹುದು.

ಎಳೆಯ ಮೂಳೆ ಬೇಗ ಕೂಡಿಕೊಳ್ಳುತ್ತದೆ. ಕೆಲವು ತಿಂಗಳುಗಳು ಕಳೆದರೆ ಮುರಿದ ಗುರುತೂ ಅಳಿಸಿಹೋಗಬಹುದು. ಆಗ ಕ್ಷ-ಕಿರಣಕ್ಕೂ ಹೇಳಲು ಏನೂ ಉಳಿಯುವುದಿಲ್ಲ. ಆದುದರಿಂದ ಸಹಪಾಠಿಯ ತೋಳಿನ ಮೇಲೆ ಬಾಸುಂಡೆಯನ್ನು ಮತ್ತೆ ಮತ್ತೆ ಕಂಡವರು ಕೇಳಬೇಕು, ನಂಬಿಕೆಗೆ ಅರ್ಹರಾದ ಹಿರಿಯರೊಬ್ಬರಿಗೆ ಹೇಳಬೇಕು. ಗುರುತು ಮಾಯುವುದಕ್ಕೆ ಮುಂಚೆಯೇ ಹೇಳಬೇಕು.