ಹಳೆಯ ವಿಮಾನಕ್ಕೆ ಸಾಲವುಂಟು, ಓಟಗಾರ್ತಿಗೆ ಏಕಿಲ್ಲ?

ಕಳೆದ ವರ್ಷ ನಮ್ಮ ಸಂಘದ ರಾಜ್ಯೋತ್ಸವ ಸಮಾರಂಭ ಮುಗಿದು, ಊಟದ ಪಂಕ್ತಿಗಾಗಿ ಕಾಯುತ್ತ ನಿಂತಿದ್ದಾಗ, ಧಾರವಾಡದ ಕಡೆಯ ಹಳೆಯ ಮಿತ್ರರೊಬ್ಬರ ಮಗಳು ನನ್ನೆದುರು ಬಂದು ನಿಂತಳು. ಇಂಜಿನಿಯರಿಂಗ್ ಪದವೀಧರೆ. ಕಾರು ಓಟದಲ್ಲಿ ಆಕೆಗೆ ಬಾಲ್ಯದಿಂದಲೂ ಆಸಕ್ತಿ. ಸಣ್ಣ ಸ್ಪರ್ಧೆಗಳಲ್ಲಿ ಒಂದೆರಡು ಪದಕಗಳನ್ನೂ ಗಳಿಸಿದ್ದಾಳೆ. ಚೆನ್ನೈ ಮತ್ತು ಕೊಯಮತ್ತೂರಿನ ಓಟದ ಪಥಗಳಲ್ಲಿ ನಡೆಯುವ ರಾಷ್ಟ್ರೀಯ ಸ್ಪರ್ಧೆಗಳಲ್ಲಿ ಒಂದು ಪೂರ್ಣ ಋತು ಭಾಗವಹಿಸಲು ಸಾಲ ಬೇಕೆಂದು ತಿಂಗಳ ಹಿಂದೆ ನಮ್ಮ ಶಾಖೆಗೆ ಅರ್ಜಿ ಸಲ್ಲಿಸಿದ್ದಳು. ಅದನ್ನು ತಿರಸ್ಕರಿಸಿದ ಟಿಪ್ಪಣಿಗೆ ಸಹಿ ಮಾಡಿದವನು ನಾನೇ. ಅದೇ ವಾರ ವಿಮಾನ ಚಾಲನೆ ಕಲಿಸುವ ಸಂಸ್ಥೆಯೊಂದು ನಾಲ್ಕು ಆಸನಗಳ ಹಳೆಯ ವಿಮಾನವೊಂದನ್ನು ಕೊಳ್ಳಲು ಕೇಳಿದ್ದ ಸಾಲಕ್ಕೆ ಶಿಫಾರಸು ಮಾಡಿದವನೂ ನಾನೇ. ಗ್ರಾಹಕರ ಹೆಸರು ಹೇಳದೆ, ಮಾತಿಗೆ ಮಾತು ಬಂದಾಗ, ಈ ಸಂಗತಿಯನ್ನು ಆಕೆಯ ತಂದೆಗೆ ತಿಳಿಸಿದ್ದೆ.

"ಕಾಕಾ, ನನಗಿಂತ ವಯಸ್ಸಾದ ವಿಮಾನಕ್ಕ ಸಾಲ ಕೊಡ್ತೀರಿ. ನನಗ್ಯಾಕ ಕೊಡೂದಿಲ್ರಿ?" ಎಂದು ಆಕೆ ಕೇಳಿದಳು.

ನಾನು ನಕ್ಕು, "ನೋಡವ್ವಾ, ಅದರ ಲೆಕ್ಕಾನ ಬ್ಯಾರೆ" ಎಂದೆ. ಊಟಕ್ಕೆ ಕರೆ ಬಂದಿತು. ಮಾತು ಅಲ್ಲಿಗೇ ನಿಂತಿತು. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಲೆಕ್ಕ ಬೇರೆ ಎಂಬುದು ನಿಜವೇ? ಬೇರೆಯಾದರೆ ಹೇಗೆ? ವಾಣಿಜ್ಯಶಾಸ್ತ್ರದ ವಿದ್ಯಾರ್ಥಿಯಾಗಿ ಅದನ್ನು ವಾಚಕರ ಮುಂದೆ ಬಿಡಿಸಿಡುವುದು ಈ ಲೇಖನದ ಉದ್ದೇಶ.

ಹಳೆಯ ವಿಮಾನದ ಲೆಕ್ಕ

ಹಳೆಯ ವಿಮಾನವೆಂದರೆ ನಮ್ಮಲ್ಲಿ ಅನೇಕರಿಗೆ ಭಯ. ಮೂವತ್ತು ವರ್ಷದ ಮೋಟಾರು ಗುಜರಿಗೆ ಹೋಗುವಾಗ ನಲವತ್ತು ವರ್ಷದ ವಿಮಾನ ಹಾರುವುದೆಂತು ಎಂದು ಅಚ್ಚರಿಪಡುವವರುಂಟು. ವಾಸ್ತವವಾಗಿ ವಿಮಾನದ ವಯಸ್ಸನ್ನು ಅಳೆಯುವಾಗ ವರ್ಷಗಳಿಗಿಂತ ಹಾರಿದ ಗಂಟೆಗಳು, ಲೋಹಕ್ಕೆ ಹಿಡಿದ ತುಕ್ಕು, ಹಿಂದೆ ಆದ ಅಪಘಾತಗಳು ಮತ್ತು ನಿರ್ವಹಣೆಯ ದಾಖಲೆಗಳು ಮುಖ್ಯ. ವಿಮಾನದ ಲಾಗ್‌ಬುಕ್ ನಮ್ಮ ಪಾಸ್‌ಬುಕ್ ಇದ್ದಂತೆ; ಪುಟ ಕಾಣೆಯಾದರೆ ಬೆಲೆಯೂ ಕಾಣೆಯಾಗುತ್ತದೆ. ಸೆಸ್ನಾ 172 ಎಂಬ ಸಣ್ಣ ವಿಮಾನ ಮಾರುಕಟ್ಟೆಗೆ ಬಂದದ್ದು 1956ರಲ್ಲಿ. ಈವರೆಗೆ 44,000ಕ್ಕೂ ಹೆಚ್ಚು ತಯಾರಾಗಿವೆ. 1986ರಲ್ಲಿ ಅದರ ತಯಾರಿಕೆ ನಿಂತು, ಹತ್ತು ವರ್ಷಗಳ ನಂತರ ಮತ್ತೆ ಆರಂಭವಾಯಿತು. 1970ರ ದಶಕದಲ್ಲಿ ತಯಾರಾದ ಸಾವಿರಾರು ಸೆಸ್ನಾಗಳು ಇಂದಿಗೂ ಜಗತ್ತಿನ ಹಲವು ತರಬೇತಿ ಶಾಲೆಗಳಲ್ಲಿ ಹಾರುತ್ತಿವೆ.

ಹಳೆಯದನ್ನು ಹೊಸದಾಗಿಸುವ ಈ ವಿದ್ಯೆ ನಮ್ಮ ನಾಡಿಗೂ ಅಪರಿಚಿತವಲ್ಲ. ಎರಡನೆಯ ಮಹಾಯುದ್ಧ ಮುಗಿದಾಗ ಕಾನ್ಪುರದಲ್ಲಿ ನಿರುಪಯೋಗಿಗಳೆಂದು ಬಿಟ್ಟುಹೋಗಿದ್ದ ಲಿಬರೇಟರ್ ಬಾಂಬರ್ ವಿಮಾನಗಳಲ್ಲಿ ಸುಮಾರು ನಲವತ್ತನ್ನು ಬೆಂಗಳೂರಿನ ಹಿಂದೂಸ್ತಾನ್ ವಿಮಾನ ಕಾರ್ಖಾನೆ ದುರಸ್ತಿ ಮಾಡಿ ವಾಯುಪಡೆಗೆ ಒಪ್ಪಿಸಿತು. 1948ರಲ್ಲಿ ಸೇವೆಗೆ ಸೇರಿದ ಆ ವಿಮಾನಗಳು 1968ರವರೆಗೆ ದುಡಿದವು.

ಆದರೂ ಕೊಳ್ಳುವವನು ಎಚ್ಚರದಿಂದಿರಬೇಕು. ಸಣ್ಣ ವಿಮಾನಗಳ ಇಂಜಿನ್ನಿಗೆ ತಯಾರಕರು ಒಂದು ಆಯುಸ್ಸನ್ನು ಸೂಚಿಸಿರುತ್ತಾರೆ. ಸಾಮಾನ್ಯವಾಗಿ ಅದು 2,000 ಗಂಟೆಗಳ ಆಸುಪಾಸು. ಆನಂತರ ಇಂಜಿನ್ನನ್ನು ಪೂರ್ತಿ ಬಿಚ್ಚಿ ಪುನರ್‌ನವೀಕರಣ ಮಾಡಬೇಕು. ಅದರ ಖರ್ಚು 25 ಲಕ್ಷ ರೂಪಾಯಿ ಎಂದು, ಕೇವಲ ಉದಾಹರಣೆಗಾಗಿ, ಭಾವಿಸೋಣ. ಎಂದರೆ ಪ್ರತಿ ಗಂಟೆ ಹಾರಿದಾಗಲೂ 1,250 ರೂಪಾಯಿ ಸವೆಯುತ್ತದೆ. ಈಗ ಎರಡು ವಿಮಾನಗಳು ಮಾರಾಟಕ್ಕಿವೆ. ಮೊದಲನೆಯದರ ಬೆಲೆ 30 ಲಕ್ಷ, ಇಂಜಿನ್ 1,800 ಗಂಟೆ ಓಡಿದೆ. ಎರಡನೆಯದರ ಬೆಲೆ 40 ಲಕ್ಷ, ಇಂಜಿನ್ 400 ಗಂಟೆ ಮಾತ್ರ ಓಡಿದೆ. ನಮ್ಮ ಮನಸ್ಸು ಸಹಜವಾಗಿ ಮೊದಲನೆಯದರತ್ತ ಓಡುತ್ತದೆ. ಆದರೆ ಅದರಲ್ಲಿ ಆಗಲೇ ಸವೆದಿರುವ 22 ಲಕ್ಷ 50 ಸಾವಿರವನ್ನು ಸೇರಿಸಿದರೆ ನಿಜವಾದ ಬೆಲೆ 52 ಲಕ್ಷ 50 ಸಾವಿರ. ಎರಡನೆಯದರಲ್ಲಿ ಸವೆದದ್ದು 5 ಲಕ್ಷ. ನಿಜವಾದ ಬೆಲೆ 45 ಲಕ್ಷ. ಅಗ್ಗದ್ದೇ ದುಬಾರಿ!

ಮುಂದಿನದು ಸ್ಥಿರ ವೆಚ್ಚ. ವಿಮಾನ ಹಾರಲಿ ಬಿಡಲಿ, ನಿಲ್ದಾಣದ ಬಾಡಿಗೆ, ವಿಮೆ, ವಾರ್ಷಿಕ ತಪಾಸಣೆ ಇವು ತಪ್ಪವು. ಇವೆಲ್ಲ ಸೇರಿ ವರ್ಷಕ್ಕೆ 6 ಲಕ್ಷವೆಂದುಕೊಂಡರೆ, 60 ಗಂಟೆ ಹಾರಿಸುವ ಹವ್ಯಾಸಿಗೆ ಗಂಟೆಗೆ 10,000 ರೂಪಾಯಿ ಬೀಳುತ್ತದೆ; 300 ಗಂಟೆ ಹಾರಿಸುವ ಶಾಲೆಗೆ 2,000 ಮಾತ್ರ. ಆದ್ದರಿಂದಲೇ ಶಾಲೆಗೆ ಸಾಲ ಕೊಡಲು ಬ್ಯಾಂಕು ಹಿಂಜರಿಯದು. ಶುಲ್ಕದ ಆದಾಯ ತಿಂಗಳು ತಿಂಗಳೂ ಬರುತ್ತದೆ, ವಿಮಾನ ನಮ್ಮಲ್ಲಿ ಅಡವಾಗಿರುತ್ತದೆ, ಸರ್ಕಾರದ ನೋಂದಣಿಯಲ್ಲಿ ನಮ್ಮ ಹಕ್ಕು ದಾಖಲಾಗುತ್ತದೆ. ಸಾಲಗಾರ ತಪ್ಪಿದರೂ ಮಾರಿ ಹಣ ಪಡೆಯಬಹುದು.

ಅರ್ಥಶಾಸ್ತ್ರ ಓದಿದ ವಿಮಾನಗಾರ್ತಿ

ಹಳೆಯ ವಿಮಾನದ ಈ ಲೆಕ್ಕವನ್ನು ಚೆನ್ನಾಗಿ ಅರಿತಿದ್ದ ಒಬ್ಬ ಮಹಿಳೆಯ ಕಥೆ ಇಲ್ಲಿ ಅಪ್ರಸ್ತುತವಾಗಲಾರದು. ಇಂಗ್ಲೆಂಡಿನ ಹಲ್ ನಗರದಲ್ಲಿ 1903ರಲ್ಲಿ ಜನಿಸಿದ ಎಮಿ ಜಾನ್ಸನ್ ಮೀನು ವ್ಯಾಪಾರಿಯ ಮಗಳು. ಷೆಫೀಲ್ಡ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ಪದವೀಧರೆ. ಲಂಡನ್ನಿನ ವಕೀಲರೊಬ್ಬರ ಕಚೇರಿಯಲ್ಲಿ ಕೆಲಸ ಮಾಡುತ್ತ ವಿಮಾನ ಚಾಲನೆ ಕಲಿತಳು. ಅಷ್ಟೇ ಅಲ್ಲ, ಎಣ್ಣೆ ಮಸಿಗೆ ಅಂಜದೆ ಇಂಜಿನ್ ದುರಸ್ತಿಯನ್ನೂ ಕಲಿತು, ಆ ಪರವಾನಗಿ ಪಡೆದ ಮೊದಲ ಬ್ರಿಟಿಷ್ ಮಹಿಳೆ ಎನಿಸಿದಳು. 1930ರಲ್ಲಿ ಆಕೆ ಕೊಂಡದ್ದು ಎರಡು ವರ್ಷ ಹಳೆಯ ಜಿಪ್ಸಿ ಮಾತ್ ವಿಮಾನ. ಬೆಲೆ 600 ಪೌಂಡ್; ಅದನ್ನು ತಂದೆ ಮತ್ತು ಎಣ್ಣೆ ವ್ಯಾಪಾರದ ಶ್ರೀಮಂತರಾಗಿದ್ದ ಲಾರ್ಡ್ ವೇಕ್‌ಫೀಲ್ಡ್ ಹಂಚಿಕೊಂಡರು. ತಂದೆಯ ವ್ಯಾಪಾರದ ಮುದ್ರೆಯಾದ 'ಜೇಸನ್' ಎಂಬ ಹೆಸರನ್ನೇ ವಿಮಾನಕ್ಕಿಟ್ಟಳು.

ಅದೇ ವರ್ಷ ಮೇ 5ರಂದು ಕ್ರಾಯ್ಡನ್ನಿನಿಂದ ಏಕಾಂಗಿಯಾಗಿ ಹೊರಟ ಎಮಿ, ಕರಾಚಿ, ಝಾನ್ಸಿ, ಕಲಕತ್ತೆ, ರಂಗೂನ್ ಮಾರ್ಗವಾಗಿ ಮೇ 24ರಂದು ಆಸ್ಟ್ರೇಲಿಯಾದ ಡಾರ್ವಿನ್ ತಲುಪಿದಳು. ಹಾಗೆ ತಲುಪಿದ ಮೊದಲ ಮಹಿಳೆ ಆಕೆ. ದಾರಿಯಲ್ಲಿ ಇಳಿಯುವಾಗ ಝಾನ್ಸಿಯಲ್ಲಿ ಒಮ್ಮೆ, ರಂಗೂನಿನ ಬಳಿ ಮತ್ತೊಮ್ಮೆ ವಿಮಾನಕ್ಕೆ ಪೆಟ್ಟು ಬಿತ್ತು. ಜೊತೆಗೆ ಒಯ್ದಿದ್ದ ಹೆಚ್ಚುವರಿ ಪ್ರೊಪೆಲರನ್ನು ಜೋಡಿಸಿ, ಊರವರ ನೆರವಿನಿಂದ ರೆಕ್ಕೆ ರಿಪೇರಿ ಮಾಡಿಸಿಕೊಂಡು ಮುಂದೆ ಹಾರಿದಳು. ಸ್ವತಃ ಕೆಲಸ ಬಲ್ಲವಳಾದ್ದರಿಂದ ಹಳೆಯ ವಿಮಾನವೇ ಆಕೆಗೆ ಸಾಕಾಯಿತು. 1930ರ ದಶಕದ ಕೊನೆಗೆ ಆಕೆ ಮಾಂಟೆ ಕಾರ್ಲೋ ಮೋಟಾರು ರ‍್ಯಾಲಿಯಲ್ಲೂ ಭಾಗವಹಿಸಿದಳು. 1941ರ ಜನವರಿಯಲ್ಲಿ ಯುದ್ಧಕಾಲದ ವಿಮಾನ ಸಾಗಣೆಯ ಕರ್ತವ್ಯದಲ್ಲಿದ್ದಾಗ ಥೇಮ್ಸ್ ನದೀಮುಖದಲ್ಲಿ ಮೃತಳಾದಳು. 'ಜೇಸನ್' ಇಂದು ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿದೆ.

ಓಟದ ಪಥದಲ್ಲಿ ಮಹಿಳೆಯರು

ಇನ್ನು ಕಾರು ಓಟಕ್ಕೆ ಬರೋಣ. ಹೆಂಗಸರಿಗೆ ಈ ಕ್ರೀಡೆಗೆ ಬೇಕಾದ ದೇಹಶಕ್ತಿಯಿಲ್ಲ ಎಂಬುದು ಹಳೆಯ ವಾದ. ಅಮೆರಿಕದ ಇಂಡಿಯಾನಾಪೊಲಿಸ್ ಓಟದ ಪಥದಲ್ಲಿ 1970ರ ದಶಕದ ಆರಂಭದವರೆಗೆ ಕಾರುಗಳನ್ನು ನಿಲ್ಲಿಸುವ ಅಂಕಣದೊಳಗೆ ಪತ್ರಕರ್ತೆಯರಿಗೂ ಪ್ರವೇಶವಿರಲಿಲ್ಲ. ಅಂಥ ಪಥದಲ್ಲಿ 1977ರಲ್ಲಿ 500 ಮೈಲಿಗಳ ಓಟಕ್ಕೆ ಇಳಿದ ಮೊದಲ ಮಹಿಳೆ ಜಾನೆಟ್ ಗುತ್ರಿ. ಭೌತಶಾಸ್ತ್ರದ ಪದವೀಧರೆ, ವಿಮಾನ ಕಂಪನಿಯಲ್ಲಿ ಇಂಜಿನಿಯರ್, ಹದಿಹರೆಯದಲ್ಲೇ ಪೈಲಟ್ ಪರವಾನಗಿ ಪಡೆದವಳು. ಜಾಗ್ವಾರ್ ಕಾರೊಂದನ್ನು ಕೊಂಡು, ಅದರ ಇಂಜಿನ್ನನ್ನು ಸ್ವಂತ ಕೈಯಿಂದ ಬಿಚ್ಚಿ ಜೋಡಿಸಿ ಓಟ ಕಲಿತವಳು. 1978ರಲ್ಲಿ ಓಟಕ್ಕೆ ಎರಡು ದಿನ ಮೊದಲು ಟೆನಿಸ್ ಆಡುವಾಗ ಮಣಿಕಟ್ಟಿನ ಮೂಳೆ ಮುರಿಯಿತು. ಯಾರಿಗೂ ಹೇಳದೆ 500 ಮೈಲಿಗಳ ಆ ಓಟ ಓಡಿ ಒಂಬತ್ತನೆಯ ಸ್ಥಾನ ಪಡೆದಳು. ದೇಹಶಕ್ತಿಯ ವಾದಕ್ಕೆ ಇದಕ್ಕಿಂತ ಉತ್ತರ ಬೇಕೆ?

ಹಾಗಿದ್ದರೂ ಪ್ರಾಯೋಜಕರು ದೊರೆಯದೆ 1980ರ ಸುಮಾರಿಗೆ ಆಕೆಯ ವೃತ್ತಿ ಕೊನೆಗೊಂಡಿತು. ಪಥದ ಮೇಲೆ ಸೋಲದವಳು ಖಾತೆಪುಸ್ತಕದಲ್ಲಿ ಸೋತಳು. ಈ ಕ್ಷೇತ್ರದ ಹಲವು ಮಹಿಳೆಯರ ಜೀವನವನ್ನು ಬ್ಯಾಂಕಿನವನ ಕಣ್ಣಿನಿಂದ ನೋಡಿದರೆ, ಮೊದಲು ಕಾಣುವುದು ಬಂಡವಾಳದ ಮೂಲ. 1958ರಲ್ಲಿ ಫಾರ್ಮುಲಾ ಒನ್ ಓಟಕ್ಕೆ ಇಳಿದ ಮೊದಲ ಮಹಿಳೆ, ಇಟಲಿಯ ಮರಿಯಾ ತೆರೇಸಾ ದೆ ಫಿಲಿಪ್ಪಿಸ್, ಶ್ರೀಮಂತ ಮನೆತನದವಳು. 1975ರಲ್ಲಿ ಸ್ಪೇನಿನ ಓಟದಲ್ಲಿ ಆರನೆಯವಳಾದ ಲೆಲ್ಲಾ ಲೊಂಬಾರ್ಡಿಯ ಕಾರಿನ ಮೇಲೆ ಲವಾಜಾ ಕಾಫಿ ಕಂಪನಿಯ ಹೆಸರಿತ್ತು. ಆ ಓಟ ಅರ್ಧದಲ್ಲಿ ನಿಂತುದರಿಂದ ಆಕೆಗೆ ದೊರೆತದ್ದು ಅರ್ಧ ಅಂಕ. ಫಾರ್ಮುಲಾ ಒನ್ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಇಂದಿನವರೆಗೆ ಮಹಿಳೆಯೊಬ್ಬಳು ಗಳಿಸಿದ ಅಂಕ ಅದೊಂದೇ. ಫ್ರಾನ್ಸಿನ ಮಿಷೆಲ್ ಮೂಟಾನ್‌ಗೆ ತಂದೆ ಒಂದು ಕಾರು ಕೊಡಿಸಿ, ಒಂದು ವರ್ಷದ ಅವಧಿ ಕೊಟ್ಟನು. ಮುಂದೆ ಔಡಿ ಕಂಪನಿಯ ತಂಡ ಸೇರಿದ ಆಕೆ 1982ರ ವಿಶ್ವ ರ‍್ಯಾಲಿಯಲ್ಲಿ ಮೂರು ಸ್ಪರ್ಧೆ ಗೆದ್ದು ದ್ವಿತೀಯ ಸ್ಥಾನ ಪಡೆದಳು. 1976ರಲ್ಲಿ ಷಾರ್ಲಟ್ ನಗರದ 600 ಮೈಲಿಗಳ ಓಟಕ್ಕೆ ಜಾನೆಟ್ ಗುತ್ರಿಗೆ ಕಾರು ಕೊಂಡುಕೊಟ್ಟವಳು ಲಿಂಡಾ ಫೆರೇರಿ. ಆಕೆ ಅದೇ ನಗರದ ಬ್ಯಾಂಕೊಂದರ ಉಪಾಧ್ಯಕ್ಷೆ! ಇದನ್ನು ಓದಿದಾಗ ನನ್ನ ಸಹಿಯಿದ್ದ ಟಿಪ್ಪಣಿ ನೆನಪಾಗಿ ತುಸು ನಾಚಿಕೆಯಾಯಿತು. ಆದರೆ ಗಮನಿಸಬೇಕು: ಆಕೆ ಕಾರಿನ ಒಡತಿಯಾದದ್ದು ಸ್ವಂತ ಹೊಣೆಯ ಮೇಲೆ, ಅದು ಠೇವಣಿದಾರರ ಹಣವನ್ನು ಸಾಲ ಕೊಟ್ಟಂತಲ್ಲ.

ಲೆಕ್ಕದ ವ್ಯತ್ಯಾಸ ಎಲ್ಲಿದೆ?

ವಿಮಾನ ಕೊಳ್ಳುವುದು ಬಂಡವಾಳ ವೆಚ್ಚ. ಹಣ ಹೋದರೂ ವಸ್ತು ಉಳಿಯುತ್ತದೆ. ಓಟದ ಋತು ಬಹುತೇಕ ರಾಜಸ್ವ ವೆಚ್ಚ. ಟಯರು, ಇಂಧನ, ಮೆಕ್ಯಾನಿಕ್‌ರ ಸಂಬಳ, ಪ್ರವೇಶ ಶುಲ್ಕ, ಪ್ರಯಾಣ, ಮುರಿದದ್ದರ ದುರಸ್ತಿ ಇವುಗಳಿಗೆ ಸುರಿದ ಹಣ ಋತು ಮುಗಿಯುವ ಹೊತ್ತಿಗೆ ಹೊಗೆಯಾಗಿರುತ್ತದೆ. ಓಟದ ಕಾರೂ ಒಳ್ಳೆಯ ಆಧಾರವಲ್ಲ. ಮುಂದಿನ ವರ್ಷ ನಿಯಮ ಬದಲಾದರೆ ಅದರ ಬೆಲೆ ಕುಸಿಯುತ್ತದೆ. ಉಳಿಯುವುದು ಚಾಲಕಿಯ ಅನುಭವ ಮತ್ತು ಹೆಸರು. ಅವು ನಿಜವಾದ ಆಸ್ತಿಗಳೇ. ಆದರೆ ಅವುಗಳನ್ನು ಅಡವಿಡುವ ದಾಖಲೆ ಪುಸ್ತಕ ಯಾವ ಬ್ಯಾಂಕಿನಲ್ಲಿಯೂ ಇಲ್ಲ. ಆದ್ದರಿಂದ ಓಟ ನಡೆಯುವುದು ಸಾಲದಿಂದಲ್ಲ, ತಂದೆಯ ಅಥವಾ ಪ್ರಾಯೋಜಕರ ಹಣದಿಂದ. ಮಗನ ಹುಚ್ಚಿಗೆ ಹೊಲ ಮಾರುವ ತಂದೆ ಮಗಳ ಹುಚ್ಚಿಗೆ ಮಾರುವುದು ಅಪರೂಪ. ಹೆಣ್ಣುಮಕ್ಕಳು ಹಿಂದುಳಿದ ದೊಡ್ಡ ಕಾರಣ ಇಲ್ಲಿದೆಯೆಂದು ನನ್ನ ನಂಬಿಕೆ.

ಈಚಿನ ಪ್ರಯತ್ನಗಳೂ ಇದನ್ನೇ ಸೂಚಿಸುತ್ತವೆ. ಮಹಿಳೆಯರಿಗಾಗಿಯೇ 2019ರಲ್ಲಿ ಆರಂಭವಾದ ಡಬ್ಲ್ಯೂ ಸೀರೀಸ್ ಚಾಲಕಿಯರಿಂದ ಶುಲ್ಕ ಕೇಳಲಿಲ್ಲ. ಆದರೆ ಹಣ ಸಾಲದೆ 2022ರ ಋತುವನ್ನು ಮಧ್ಯದಲ್ಲೇ ನಿಲ್ಲಿಸಬೇಕಾಯಿತು. 2023ರಲ್ಲಿ ಎಫ್-1 ಅಕಾಡೆಮಿ ಆರಂಭವಾದಾಗ ಪ್ರತಿ ಕಾರಿಗೆ ಫಾರ್ಮುಲಾ ಒನ್ ಸಂಸ್ಥೆ 1,50,000 ಯೂರೋ ಭರಿಸಿ, ಚಾಲಕಿಯೂ ಅಷ್ಟೇ ಮೊತ್ತ ತರಬೇಕೆಂದು ವಿಧಿಸಿತು. ಅರ್ಧ ಹೊರೆ ಇಳಿಯಿತು, ಇನ್ನರ್ಧ ಉಳಿಯಿತು. ನಮ್ಮ ಬೆಂಗಳೂರಿನ ಐಶ್ವರ್ಯಾ ಪಿಸ್ಸೆ 2019ರಲ್ಲಿ ಮೋಟಾರ್‌ಸೈಕಲ್ಲಿನ ಬಾಹಾ ವಿಶ್ವಕಪ್ಪಿನ ಮಹಿಳಾ ವಿಭಾಗವನ್ನು ಗೆದ್ದಾಗ ಆಕೆಯ ಬೆನ್ನಿಗೆ ಟಿ.ವಿ.ಎಸ್. ತಂಡವಿತ್ತು. ಪ್ರತಿಭೆ ಆಕೆಯದು, ಆದರೆ ಆಸರೆಯೂ ಬೇಕಾಯಿತು.

ಕೊನೆಯ ಮಾತು

ಇಷ್ಟು ತಿಳಿದ ಮೇಲೆ ಒಂದು ಭಾನುವಾರ ಮಿತ್ರರ ಮನೆಗೆ ಹೋದೆ. ಸಾಲ ಸಿಗದು ಎಂಬ ಮಾತನ್ನು ಮತ್ತೆ ಹೇಳಿದೆ. ಆದರೆ ಈ ಸಲ ಕಾರಣವನ್ನೂ ಹೇಳಿದೆ. ಆ ಬಳಿಕ ಮೂವರೂ ಕುಳಿತು ಋತುವಿನ ಖರ್ಚನ್ನು ಸ್ಪರ್ಧೆಗೊಂದು ಸಾಲಿನಂತೆ ಬರೆದೆವು. ಹೊಸ ಕಾರಿನ ಬದಲು ತಂಡದ ಕಾರನ್ನು ಬಾಡಿಗೆಗೆ ಪಡೆಯುವುದು, ಎಮಿಯಂತೆ ಸ್ಪ್ಯಾನರ್ ಹಿಡಿಯುವ ಕೆಲಸವನ್ನು ತಾನೇ ಕಲಿಯುವುದು, ಪ್ರಾಯೋಜಕರಿಗೆ ತಮ್ಮ ಹೆಸರಿನ ಪ್ರಚಾರದಿಂದಾಗುವ ಲಾಭವನ್ನು ಒಂದೇ ಪುಟದಲ್ಲಿ ತೋರಿಸುವುದು ಎಂದು ತೀರ್ಮಾನವಾಯಿತು. ಆ ಪುಟವನ್ನು ಹಿಡಿದು ಆಕೆ ಹನ್ನೊಂದು ಬಾಗಿಲು ತಟ್ಟಿದಳು. ಹನ್ನೆರಡನೆಯ ಬಾಗಿಲು ಬಿಡಿಭಾಗಗಳ ವ್ಯಾಪಾರಿಯೊಬ್ಬರದು. ಅವರು ಟಯರುಗಳ ಖರ್ಚು ವಹಿಸಿಕೊಂಡಿದ್ದಾರೆ. ಉಳಿದದ್ದು ಇನ್ನೂ ಆಗಬೇಕಾಗಿದೆ.

ನಮ್ಮ ಸಂಘ ಪ್ರತಿವರ್ಷ ಹೆಚ್ಚು ಅಂಕ ಪಡೆದ ಮಕ್ಕಳಿಗೆ ಬಹುಮಾನ ಕೊಡುತ್ತದೆ. ಅದು ಸ್ತುತ್ಯರ್ಹ. ಅಂಕಪಟ್ಟಿಯಲ್ಲಿ ಕಾಣದ ಸಾಮರ್ಥ್ಯವುಳ್ಳ ಒಬ್ಬ ಹೆಣ್ಣುಮಗಳಿಗೂ ವರ್ಷಕ್ಕೊಮ್ಮೆ ಒಂದು ಸ್ಪರ್ಧೆಯ ಪ್ರವೇಶ ಶುಲ್ಕದಷ್ಟು ನೆರವು ಕೊಡಲಾದೀತೇ ಎಂದು ಸದಸ್ಯ ಬಂಧುಗಳು ಯೋಚಿಸಬೇಕಾಗಿ ವಿನಂತಿ. ಬ್ಯಾಂಕಿನ ನಿಯಮ ನನ್ನ ಕೈ ಕಟ್ಟಿದೆ. ಸಂಘದ ಕೈಯನ್ನು ಯಾರೂ ಕಟ್ಟಿಲ್ಲ. ಮೊದಲ ಕಂತಾಗಿ ನನ್ನ ವಂತಿಗೆಯನ್ನು ಖಜಾಂಚಿಯವರಿಗೆ ಒಪ್ಪಿಸಿ, ರಸೀದಿ ಪಡೆದಿದ್ದೇನೆ.